ಕ್ಯಾರೆಟ್ಟಿನ ಕಾಂತಿ

ವೀರಭದ್ರಯ್ಯ ಮೇಷ್ಟ್ರು ಶಿವೈಕ್ಯರಾದ ಸುದ್ದಿ ಹಾನುಬಾಳಿಗೆ ಬೆಳಿಗ್ಗೆ ಎಸ್ಟೇಟ್ ಆಫೀಸಿನ ಫೋನಿಗೆ ಬಂತು. ಫೋನ್ ಎತ್ತಿದವನು ತೋಟದ ಲೆಕ್ಕ ಬರೆಯುವ ರೈಟರ್ ಯೋಗಾನಂದ. ಆ ಹೊತ್ತಿಗೆ ಅವನ ಬಾಯಲ್ಲಿ ಅರ್ಧ ಕ್ಯಾರೆಟ್ ಇತ್ತು. ಸಾವಿನ ಸುದ್ದಿ ಕೇಳುತ್ತ ಅದನ್ನು ಅಗಿಯುವುದು ಸರಿಯಲ್ಲ, ಉಗುಳುವುದು ಇನ್ನೂ ಸರಿಯಲ್ಲ ಎಂದು "ಹೂಂ, ಹೂಂ" ಎಂದಷ್ಟೇ ಹೇಳಿ ಫೋನ್ ಇಟ್ಟ. ಪಾಪ, ಹುಡುಗನಿಗೆ ದುಃಖದಲ್ಲಿ ಗಂಟಲು ಕಟ್ಟಿದೆ ಎಂದು ಅತ್ತ ಕಡೆಯವರು ತಿಳಿದುಕೊಂಡರು.

ದುಃಖ ಆಗದೆ ಇರಲಿಲ್ಲ. ಮೇಷ್ಟ್ರು ಅವನಿಗೆ ಮಗ್ಗಿ ಕಲಿಸಿದವರು. ರಿಟೈರಾಗಿ ತಮ್ಮ ಊರು ಹೆತ್ತೂರಿಗೆ ಹೋದ ಮೇಲೂ ಅವನನ್ನು ಮರೆಯದೆ, ತಮ್ಮ ಅಣ್ಣನ ಮಗ ದೇವೀರಪ್ಪನ ಮಗಳು ಹೇಮಶ್ರೀಗೆ ಇವನೇ ಸರಿಯಾದ ಗಂಡು ಎಂದು ಮಾತೆತ್ತಿದವರು. ಯೋಗಾನಂದನಿಗೆ ಮೂವತ್ತು ದಾಟಿತ್ತು. ನೋಡಿದ ಹೆಣ್ಣುಗಳೆಲ್ಲ ಒಂದೊಂದು ನೆಪದಲ್ಲಿ ಕೈತಪ್ಪಿ, ಉಳಿದದ್ದು ಇದೊಂದೇ ಸಂಬಂಧ. ಹೆಣ್ಣಿನ ಕಡೆಯವರು ಫೋಟೋ ನೋಡಿ ಒಪ್ಪಿದ್ದರು. ಮುಂದಿನ ಸೋಮವಾರ ಹೆಣ್ಣು ನೋಡುವ ಶಾಸ್ತ್ರ ಎಂದು ನಿಶ್ಚಯವಾಗಿತ್ತು.

ತೊಂದರೆಯೆಲ್ಲ ಆ ಫೋಟೋದಿಂದ ಹುಟ್ಟಿದ್ದು. ಸಕಲೇಶಪುರದ ಸ್ಟುಡಿಯೋದವನು ಕರುಣಾಳು. ಯೋಗಾನಂದನ ಕೆನ್ನೆಯ ಮೇಲಿದ್ದ ಕಪ್ಪು ಮಚ್ಚೆಗಳನ್ನೆಲ್ಲ ತನ್ನ ಕುಂಚದಿಂದ ಅಳಿಸಿ, ಹಣೆಗೆ ಬೆಳದಿಂಗಳಂಥ ಹೊಳಪು ಕೊಟ್ಟು ಕಳಿಸಿದ್ದ. ಫೋಟೋ ನೋಡಿದ ಹೆತ್ತ ತಾಯಿ ಪಾರ್ವತಮ್ಮನೇ, "ಯಾರ ಮಗನೋ ಇದು, ಲಕ್ಷಣವಾಗಿದ್ದಾನೆ" ಎಂದಿದ್ದರು. ಈಗ ಆ ಹೊಳಪನ್ನು ಮುಖಕ್ಕೆ ತರುವ ಭಾರ ಯೋಗಾನಂದನ ಮೇಲೆ ಬಿತ್ತು.

ಅವನು ಯೋಚಿಸಿದ್ದು ಎಸ್ಟೇಟಿನ ರೈಟರ್ ಯೋಚಿಸುವ ಹಾಗೆ. ಕಾಫಿ ಗಿಡದ ಎಲೆ ಬಿಳಿಚಿಕೊಂಡರೆ ಜಿಂಕ್ ಕಮ್ಮಿಯಾಗಿದೆ ಎಂದು ಅರ್ಥ. ನೀರಲ್ಲಿ ಕರಗಿಸಿ ಹೊಡೆಸಿದರೆ ಎಲೆ ಎಣ್ಣೆ ಸವರಿದ ಹಾಗೆ ಮಿನುಗುತ್ತದೆ. ಎಲೆಗೆ ನಡೆಯುವ ನ್ಯಾಯ ಚರ್ಮಕ್ಕೇಕೆ ನಡೆಯಬಾರದು? ಅದೇ ಸಮಯಕ್ಕೆ ವಾರಪತ್ರಿಕೆಯೊಂದರ ಆರೋಗ್ಯದ ಪುಟದಲ್ಲಿ ಅವನ ಮನಸ್ಸನ್ನೇ ಓದಿದವರ ಹಾಗೆ ಯಾರೋ ಬರೆದಿದ್ದರು: ಚರ್ಮದ ಕಾಂತಿಗೆ ವಿಟಮಿನ್ ಎ ಬೇಕು, ಅದು ಕ್ಯಾರೆಟ್, ಪರಂಗಿ, ಸಿಹಿಗುಂಬಳದಲ್ಲಿದೆ, ವಿಟಮಿನ್ ಸಿ ಬೇಕು, ಅದು ನೆಲ್ಲಿಕಾಯಲ್ಲಿದೆ, ವಿಟಮಿನ್ ಇ ಕಡಲೆಕಾಯಲ್ಲಿ, ಜಿಂಕ್ ಎಳ್ಳಿನಲ್ಲಿ. ಎಲ್ಲವನ್ನೂ ಹಿತಮಿತವಾಗಿ ತಿನ್ನಬೇಕು ಎಂದು ಕೊನೆಯ ಸಾಲಿನಲ್ಲಿತ್ತು. ಅಷ್ಟು ಹೊತ್ತಿಗೆ ಯೋಗಾನಂದ ಪತ್ರಿಕೆ ಮಡಚಿ ಸಂತೆಗೆ ಹೊರಟಾಗಿತ್ತು.

ನೆಲ್ಲಿಕಾಯಿ ಹಲ್ಲು ಚುಳ್ಳೆನಿಸಿತು. ಕಡಲೆಕಾಯಿ ಪಿತ್ತವಾಯಿತು. ಕ್ಯಾರೆಟ್ ಮಾತ್ರ ಒಗ್ಗಿಕೊಂಡಿತು. ಗಂಡಸು ಅಂದ ಹೆಚ್ಚಿಸಿಕೊಳ್ಳಲು ತಿನ್ನುತ್ತಾನೆ ಎಂದು ಜನ ಆಡಿಕೊಂಡಾರು ಎಂಬ ಭಯದಿಂದ ಕಾಫಿ ಸ್ಟೋರಿನ ಹಿಂದೆ ಕೂತು ಗುಟ್ಟಾಗಿ ತಿಂದ. ಬೆಳಿಗ್ಗೆ ತಿಂದ, ಮಧ್ಯಾಹ್ನ ತಿಂದ, ಸಂಜೆ ಪರಂಗಿ ಹಣ್ಣಿನ ಜೊತೆ ತಿಂದ. ಹೀಗೆ ತಿಂಗಳು ಕಳೆದು ಕನ್ನಡಿ ನೋಡಿಕೊಂಡರೆ ಮುಖಕ್ಕೆ ಏನೋ ಒಂದು ಬಣ್ಣ ಬಂದಿತ್ತು. ಮನೆಯ ಮಂಕು ಬಲ್ಬಿನ ಕೆಳಗೆ ಅದು ಕಾಂತಿಯಂತೆಯೇ ಕಾಣಿಸಿತು.

ಸುದ್ದಿ ಬಂದ ದಿನ ಮಾತ್ರ ಬಿಸಿಲು ಚೆನ್ನಾಗಿತ್ತು. ಹೆತ್ತೂರಿಗೆ ಹೊರಟ ಜೀಪನ್ನು ಓಡಿಸುತ್ತಿದ್ದವನು ಪಕ್ಕದ ಮನೆಯ ಮೇಸ್ತ್ರಿ ಜವರಪ್ಪ. ಮುಂದಿನ ಕಂಬಿ ಹಿಡಿದಿದ್ದ ಯೋಗಾನಂದನ ಕೈ ನೋಡಿ ಅವನು ತಿರುವಿನಲ್ಲೇ ಬ್ರೇಕ್ ಹಾಕಿದ.

"ರೈಟ್ರೇ, ಏನಿದು ಅಂಗೈ? ಅರಿಶಿನ ಕುಟ್ಟಿದ್ರಾ?"

"ಬಿಸಿಲಿಗೆ ಹಂಗೆ ಕಾಣುತ್ತೆ, ನೀನು ರಸ್ತೆ ನೋಡು ಮಾರಾಯ."

"ಬಿಸಿಲು ನನ್ ಕೈ ಮೇಲೂ ಬಿದ್ದೈತೆ ಕಣ್ರೀ! ಮೂಗು ನೋಡಿದ್ರೆ ಮಾಗಿದ ಗೇರುಹಣ್ಣು ಆಗೈತೆ. ಅಮ್ಮಾರೇ, ನಿಮ್ ಮಗನಿಗೆ ಕಾಮಾಲೆ ಕಣ್ರೀ, ಕಾಮಾಲೆ!"

ಹಿಂದೆ ಕೂತಿದ್ದ ಪಾರ್ವತಮ್ಮ ಮಗನ ಗದ್ದ ಹಿಡಿದು ತಿರುಗಿಸಿದರು. "ಅಯ್ಯೋ ಶಿವನೇ! ದಿನಾ ಎದುರಿಗೆ ಕೂತು ಉಂಡ್ರೂ ನನ್ ಕಣ್ಣಿಗೆ ಬೀಳ್ಲಿಲ್ವಲ್ಲೋ ಯೋಗ!"

ನಿಜ ಹೇಳಿಬಿಡೋಣವೆಂದು ಯೋಗಾನಂದ ಬಾಯಿ ತೆರೆದ. ಆದರೆ ಜವರಪ್ಪನ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಎಸ್ಟೇಟಿನ ಎಲ್ಲ ಕೂಲಿ ಲೈನುಗಳಲ್ಲೂ ಓಡಾಡಿ ಬರುತ್ತಿತ್ತು. ಬಾಯಿ ಮುಚ್ಚಿಕೊಂಡ.

ಮೇಷ್ಟ್ರ ಮನೆಯ ಅಂಗಳದಲ್ಲಿ ಜನ ಸೇರಿದ್ದರು. ಲಿಂಗಾಯತರ ಪದ್ಧತಿಯಂತೆ ಶರೀರವನ್ನು ಮಲಗಿಸಿರಲಿಲ್ಲ. ನಡುಮನೆಯಲ್ಲಿ ಗೋಡೆಗೊರಗಿಸಿ ಕೂರಿಸಿ, ಹಣೆ ತುಂಬ ವಿಭೂತಿ ಬಳಿದು, ಬಿಳಿ ವಸ್ತ್ರ ಹೊದಿಸಿದ್ದರು. ಮೇಷ್ಟ್ರು ತರಗತಿಯಲ್ಲಿ ಕಣ್ಣು ಮುಚ್ಚಿ ಪಾಠ ಒಪ್ಪಿಸಿಕೊಳ್ಳುತ್ತಿದ್ದ ಹಾಗೆಯೇ ಕೂತಿದ್ದರು. ಯೋಗಾನಂದ ಪಾದ ಮುಟ್ಟಿ ನಮಸ್ಕರಿಸಿದ. ತಲೆ ಎತ್ತುವಾಗ ಬಾಗಿಲ ಬಳಿ ನಿಂತಿದ್ದ ಹೇಮಶ್ರೀಯನ್ನು ಮೊದಲ ಸಲ ಕಂಡ. ಅವಳೂ ಅವನನ್ನು ಕಂಡಳು. ಅವಳ ಕಣ್ಣು ಅವನ ಮೂಗಿನ ಮೇಲೆ ಬಂದು ಅಲ್ಲೇ ನಿಂತುಬಿಟ್ಟಿತು.

ಅವನು ಅಂಗಳಕ್ಕೆ ಬರುವಷ್ಟರಲ್ಲಿ ಜವರಪ್ಪ ತನ್ನ ಕೆಲಸ ಮುಗಿಸಿದ್ದ. ಹುಡುಗಿಯ ತಂದೆ ದೇವೀರಪ್ಪ ದೂರದಿಂದಲೇ, "ಏನಪ್ಪಾ, ಮೈಗೆ ಹುಷಾರಿಲ್ವಂತೆ?" ಎಂದ. ಕೇಳಿದ್ದು ಮೃದುವಾಗಿಯೇ, ಆದರೆ ಕೇಳುತ್ತ ಎರಡು ಹೆಜ್ಜೆ ಹಿಂದೆ ಸರಿದ. ಸಂಬಂಧವೂ ತನ್ನಿಂದ ಅಷ್ಟೇ ದೂರ ಸರಿದಂತೆ ಯೋಗಾನಂದನಿಗೆ ಕಂಡಿತು.

"ಏನೂ ಇಲ್ಲ ಸ್ವಾಮಿ, ಕಲ್ಲುಗುಂಡಿನ ಹಾಗಿದ್ದೀನಿ."

"ಕಲ್ಲುಗುಂಡಂತೆ! ಹಳದಿ ಕಲ್ಲು ಎಲ್ಲೈತಪ್ಪಾ?" ಎಂದು ಮುಂದೆ ಬಂದವಳು ಚಿನ್ನಮ್ಮ. ಹೊಂಗಡಹಳ್ಳದವಳು, ಆ ಸುತ್ತಿನಲ್ಲಿ ಕಾಮಾಲೆಗೆ ಮದ್ದು ಕೊಡುವುದರಲ್ಲಿ ಹೆಸರಾದವಳು. ಸಾವಿನ ಮನೆಗೆ ಬರುವಾಗಲೂ ಮದ್ದಿನ ಗಂಟು ಅವಳ ಸೊಂಟದಲ್ಲಿರುತ್ತಿತ್ತು. ಯೋಗಾನಂದ ಬೇಡವೆನ್ನುವುದರೊಳಗೆ ಅವನ ಕೈಗೆ ಯಾವುದೋ ತೊಗಟೆಯ ರಸ ಸವರಿ, ಸುಣ್ಣದ ತಿಳಿನೀರಿನಲ್ಲಿ ಅದ್ದಿದಳು. ನೀರು ಹಳದಿಯಾಯಿತು. ಆ ರಸ ಸವರಿದರೆ ಊರ ಬಸವಣ್ಣನ ಕೊಂಬು ಅದ್ದಿದರೂ ನೀರು ಹಳದಿಯಾಗುತ್ತಿತ್ತು. ಹಾಗೆಂದು ಅದ್ದಿ ನೋಡಲು ಯಾರೂ ಹೋಗಿರಲಿಲ್ಲ.

"ನೋಡ್ರಪ್ಪಾ, ರಕ್ತದಾಗೆಲ್ಲ ಸೇರ್ಕೊಂಡೈತೆ," ಎಂದಳು ಚಿನ್ನಮ್ಮ. ಜನ ಹೌದೆಂದು ತಲೆಯಾಡಿಸಿದರು. ನೀರು ನೋಡಿ ಯೋಗಾನಂದನಿಗೂ ಸಣ್ಣಗೆ ಭಯವಾಯಿತು. ಕ್ಯಾರೆಟ್ಟೇ ಹೋಗಿ ಕಾಮಾಲೆಯಾಯಿತೋ ಏನೋ.

ನೆಲನೆಲ್ಲಿಯ ರಸವನ್ನು ಹಾಲಲ್ಲಿ ಕಲಸಿ ಕುಡಿಸಿದರು. ಜಗಲಿಯ ಮೇಲೆ ಚಾಪೆ ಹಾಸಿ, ಗೋಡೆಗೊರಗಿಸಿ ಕೂರಿಸಿದರು. ಗಾಳಿ ಸೋಕಬಾರದೆಂದು ಚಿನ್ನಮ್ಮ ಬಿಳಿ ಪಂಚೆ ಹೊದಿಸಿದಳು. ಮದ್ದಿಗೆ ದೇವರ ಬಲವೂ ಇರಲಿ ಎಂದು ಪಾರ್ವತಮ್ಮ ಹಣೆಗೆ, ಕೆನ್ನೆಗೆ ವಿಭೂತಿ ಬಳಿದರು.

"ಮದ್ದು ಎದೆಯಿಂದ ಇಳಿಯೋಗಂಟ ಮಾತಾಡಂಗಿಲ್ಲ, ಅಲ್ಲಾಡಂಗಿಲ್ಲ. ಕಣ್ ಮುಚ್ಕೊಂಡ್ ಕೂತ್ಕೊ," ಎಂದು ಚಿನ್ನಮ್ಮ ಎಚ್ಚರಿಸಿದಳು. "ಮಾತಾಡ್ದೆ ಅಂದ್ರೆ ಕಾಮಾಲೆ ನೆತ್ತಿಗೇರ್ಬುಡ್ತದೆ. ಆಮೇಲೆ ನನ್ ಕೇಳ್ಬ್ಯಾಡ."

ಒಳಗೆ ಮಠದ ಐನೋರು ಪೂಜೆ ಶುರು ಮಾಡಿದ್ದರಿಂದ ಎಲ್ಲರೂ ನಡುಮನೆಗೆ ಹೋದರು. ಯೋಗಾನಂದ ಒಬ್ಬನೇ ಉಳಿದ. ಹೇಮಶ್ರೀಗಾಗಿ ಇಷ್ಟಾದರೂ ಸಹಿಸಬೇಕೆಂದು ಕಣ್ಣು ಮುಚ್ಚಿ, ಕಲ್ಲಿನಂತೆ ಕೂತ.

ಅಂಥ ಹೊತ್ತಿನಲ್ಲಿ ಆಲೂರಿನ ವ್ಯಾನ್ ಬಂತು. ಅದರಿಂದ ಇಳಿದವರು ದೇವೀರಪ್ಪನ ತಾಯಿ, ಹೇಮಶ್ರೀಯ ಅಜ್ಜಿ, ಗುರುಶಾಂತಮ್ಮ. ತೀರಿಕೊಂಡವರಿಗೆ ಅವರು ಅತ್ತಿಗೆ. ಆಲೂರಿನ ಮಗಳ ಮನೆಯಲ್ಲಿದ್ದವರನ್ನು ಮೊಮ್ಮಕ್ಕಳು ಕರೆತಂದಿದ್ದರು. ಎರಡು ಕಣ್ಣಿಗೂ ಪೊರೆ ಬಂದು ಮನುಷ್ಯರು ಅವರಿಗೆ ಮಂಜಿನಲ್ಲಿ ನಿಂತ ಕಂಬಗಳಂತೆ ಕಾಣುತ್ತಿದ್ದರು. ಮೊಮ್ಮಕ್ಕಳು ಹೂವಿನ ಬುಟ್ಟಿ ಇಳಿಸುತ್ತಿರುವಾಗ, ಅಜ್ಜಿ ಒಂದು ಚೆಂಡುಹೂವಿನ ಹಾರ ಎತ್ತಿಕೊಂಡು ಯಾರ ಕೈಯನ್ನೂ ಕಾಯದೆ ಮೆಟ್ಟಿಲು ಹತ್ತಿದರು.

ಗೋಡೆಗೊರಗಿ ಕೂತ ಆಕೃತಿ. ಬಿಳಿ ವಸ್ತ್ರ. ಹಣೆ ತುಂಬ ವಿಭೂತಿ. ಅಜ್ಜಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

"ಅಯ್ಯೋ ವೀರಭದ್ರಾ!" ಎಂದು ಅವರು ಹಾರವನ್ನು ಯೋಗಾನಂದನ ಕೊರಳಿಗೆ ಹಾಕಿದರು. "ಹಿರಿಯೋಳು ನಾನು ಇರ್ಬೇಕಾದ್ರೆ ನೀನು ಮುಂದಾಗಿ ಹೋಗ್ಬುಟ್ಟೆಯೇನಪ್ಪಾ! ಈ ಮನೆಗೆ ಸೊಸೆಯಾಗಿ ಬಂದಾಗ ನೀನು ಚಡ್ಡಿ ಇಲ್ದೆ ಓಡಾಡ್ತಿದ್ಯಲ್ಲೋ!"

ಯೋಗಾನಂದ ಕಣ್ಣನ್ನು ಇನ್ನೂ ಬಿಗಿಯಾಗಿ ಮುಚ್ಚಿಕೊಂಡ. ಮಾತಾಡಿದರೆ ಕಾಮಾಲೆ ನೆತ್ತಿಗೆ; ಆಡದಿದ್ದರೆ ಇದು ಎಲ್ಲಿಗೆ ಹೋಗಿ ಮುಟ್ಟುತ್ತದೋ. ಹಿಂದಿನಿಂದ ಬಂದ ಇಬ್ಬರು ಹೆಂಗಸರು, ಅಜ್ಜಿ ಅಳುವುದನ್ನು ಕಂಡು, ತಾವೂ ಸೆರಗಿನಲ್ಲಿ ಮುಖ ಮುಚ್ಚಿ ಅಳತೊಡಗಿದರು. ಹಾಗಾಗಿ ಅವರೂ ಅವನ ಮುಖ ನೋಡಲಿಲ್ಲ. ಅಜ್ಜಿ ಅವನ ಕೆನ್ನೆ ಸವರಿದರು.

"ಎಷ್ಟು ಸೊರಗ್ಬುಟ್ಟಿದ್ದೆಯೋ! ಮೈ ಮಾತ್ರ ಇನ್ನೂ ಬಿಸಿಯಾಗೇ ಐತೆ. ಪುಣ್ಯವಂತ ಕಣಪ್ಪಾ ನೀನು," ಎಂದು ಒಂದು ಹಿಡಿ ಊದುಬತ್ತಿ ಹಚ್ಚಿ ಅವನ ಮೂಗಿನ ಕೆಳಗೇ ಹಿಡಿದರು.

ಯೋಗಾನಂದ ತಡೆದ. ತುಟಿ ಕಚ್ಚಿ ತಡೆದ. ಮೇಷ್ಟ್ರನ್ನು ನೆನೆದು ತಡೆದ. ಕೊನೆಗೆ ಜೀಪಿನ ಟೈರು ಒಡೆದ ಹಾಗೆ ಒಂದು ಸೀನು ಹೊರಬಿತ್ತು.

"ಜೀವ ಬಂತು! ವೀರಭದ್ರಂಗೆ ಜೀವ ಬಂತು!" ಎಂದು ಗುರುಶಾಂತಮ್ಮ ಕೂಗಿದ್ದು ಬಿಸಿಲೆ ರಸ್ತೆಯವರೆಗೆ ಕೇಳಿಸಿತು. ನಡುಮನೆ ಖಾಲಿಯಾಯಿತು. ಐನೋರು ಗಂಟೆಯನ್ನು ಕೈಯಲ್ಲಿ ಹಿಡಿದೇ ಓಡಿಬಂದರು. ಜವರಪ್ಪ ಮಾತ್ರ ವಿರುದ್ಧ ದಿಕ್ಕಿಗೆ ಓಡಿ ಬೇಲಿ ಹಾರಿದ. ಒಳಗೆ ಉಳಿದವರು ಮೇಷ್ಟ್ರ ಹೆಂಡತಿ ಒಬ್ಬರೇ. "ಇವರು ಇಲ್ಲೇ ಕೂತಿದ್ದಾರಲ್ಲ," ಎಂದು ಗಂಡನ ಹೊದಿಕೆ ಸರಿಮಾಡಿ ಅವರು ಮತ್ತೆ ಜಪಕ್ಕೆ ಕೂತರು.

ಹೊರಗೆ ಹಾರ ಹಾಕಿಸಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಸೀನಿನ ಮೇಲೆ ಸೀನು ಸೀನುತ್ತಿದ್ದ ರೈಟರನ್ನು ಕಂಡು ಜನಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಂತಿಮ ದರ್ಶನಕ್ಕೆ ಬಂದಿದ್ದ ಡಾಕ್ಟರೊಬ್ಬರು ಗುಂಪಿನ ನಡುವೆ ನುಗ್ಗಿ, ಅವನ ರೆಪ್ಪೆ ಬಿಡಿಸಿ ನೋಡಿದರು.

"ಕಣ್ಣು ಹಾಲಿನ ಹಾಗೆ ಬೆಳ್ಳಗಿದೆ. ಕಾಮಾಲೆಯಾಗಿದ್ದರೆ ಮೊದಲು ಹಳದಿಯಾಗೋದು ಕಣ್ಣು. ಏನ್ರೀ ತಿಂತಾ ಇದ್ದೀರಿ?"

ಸುತ್ತಲೂ ನೂರು ಕಿವಿ. ಅದರಲ್ಲಿ ಎರಡು ಹೇಮಶ್ರೀಯವು. ಸುಳ್ಳು ಹೇಳಿದರೆ ರೋಗಿ, ನಿಜ ಹೇಳಿದರೆ ನಗೆಪಾಟಲು. ರೋಗಿಗೆ ಹೆಣ್ಣು ಕೊಡುವುದಿಲ್ಲ. ಯೋಗಾನಂದ ತಲೆ ತಗ್ಗಿಸಿದ.

"ಕ್ಯಾರೆಟ್."

"ಎಷ್ಟು?"

"ಇದ್ದಷ್ಟು."

"ಯಾತಕ್ಕೆ?"

"ಚರ್ಮದ ಕಾಂತಿಗೆ ಸಾರ್. ಸೋಮವಾರ ಹೆಣ್ಣು ನೋಡೋದಿತ್ತು."

ಸಾವಿನ ಮನೆಯೆಂಬುದನ್ನು ಒಂದು ಗಳಿಗೆ ಎಲ್ಲರೂ ಮರೆತರು. ಹೇಮಶ್ರೀ ಕಂಬದ ಹಿಂದೆ ಸರಿದು ಬಾಯಿಗೆ ಸೆರಗು ಒತ್ತಿಕೊಂಡಳು. ಡಾಕ್ಟರು ನಗು ತಡೆದು, "ವಿಟಮಿನ್ ಒಳ್ಳೇದೇ ಕಣ್ರೀ. ಆದರೆ ಕ್ಯಾರೆಟ್ಟಿನ ಬಣ್ಣ ಅತಿಯಾದರೆ ಚರ್ಮದಲ್ಲೇ ಕೂತುಬಿಡುತ್ತೆ. ಬಿಟ್ಟರೆ ತಾನಾಗಿ ಇಳಿಯುತ್ತೆ. ಇವರು ಆರೋಗ್ಯವಾಗಿದ್ದಾರೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ನನ್ನ ಮದ್ದು ಅಷ್ಟು ಬೇಗ ಕೆಲಸ ಮಾಡಿತು ನೋಡಿ ಎಂದು ಚಿನ್ನಮ್ಮ ಗಂಟು ಕಟ್ಟಿಕೊಂಡಳು.

ಯೋಗಾನಂದನಿಗೆ ಹೋದ ಜೀವ ಬಂದಂತಾಯಿತು. ಮಾನ ಹೋದರೆ ಹೋಗಲಿ, ಸಂಬಂಧ ಉಳಿಯಿತು. ಕೈ ತೊಳೆದು ಬಂದವನನ್ನು ದೇವೀರಪ್ಪ ಹಿತ್ತಿಲಿಗೆ ಕರೆದ. ಈ ಸಲ ಹಿಂದೆ ಸರಿಯದೆ ಹೆಗಲ ಮೇಲೆ ಕೈ ಹಾಕಿದ.

"ಬೇಜಾರು ಮಾಡ್ಕೋಬೇಡ ಕಣಪ್ಪ. ಕ್ಯಾರೆಟ್ ತಿಂದದ್ದಕ್ಕೆ ನಂದೇನೂ ತಕರಾರಿಲ್ಲ. ಹುಡುಗೀನೂ ನಕ್ಳು. ನಗೋ ಹುಡುಗಿ ಬೇಡ ಅನ್ನೋದಿಲ್ಲ."

"ಹಂಗಾದ್ರೆ ಸೋಮವಾರ..."

"ಅದೇ ಹೇಳ್ತಿರೋದು. ಕಾಮಾಲೆಯೇ ಆಗಿದ್ರೂ ನಾನು ಕಾಯ್ತಿದ್ದೆ, ವಾಸಿಯಾಗೋದು. ಆದ್ರೆ ನಮ್ಮವ್ವ ನಿನ್ ಕೊರಳಿಗೆ ಸತ್ತೋರ ಹಾರ ಹಾಕಿ, ಅವರ ಹೆಸರು ಹಿಡಿದು ಅತ್ತುಬುಟ್ರಲ್ಲ. ಅಜ್ಜಿ ಹೆಣಕ್ಕೆ ಅಂತ ಹಾರ ಹಾಕಿದ ಕೊರಳಿಗೆ ಮೊಮ್ಮಗಳ ಕೈಲಿ ಮದುವೆ ಹಾರ ಹೆಂಗಪ್ಪಾ ಹಾಕಿಸ್ಲಿ? ಊರು ಒಪ್ಪುತ್ತಾ? ಚಿಕ್ಕಪ್ಪ ಇದ್ದಿದ್ರೆ ಏನಾದ್ರೂ ದಾರಿ ಹೇಳ್ತಿದ್ರು."

ದಾರಿ ಹೇಳುವವರನ್ನು ಆಗಲೇ ಹೂವು ಸುತ್ತಿದ ಬಿದಿರಿನ ವಿಮಾನದಲ್ಲಿ ಕೂರಿಸಿ ಹೊರಗೆ ತರುತ್ತಿದ್ದರು. ಯೋಗಾನಂದ ಹೋಗಿ ಹೆಗಲು ಕೊಟ್ಟ. ತೋಟದ ಮೂಲೆಯಲ್ಲಿ ತೋಡಿದ್ದ ಸಮಾಧಿಯಲ್ಲಿ ಮೇಷ್ಟ್ರನ್ನು ಕೂರಿಸಿ, ವಿಭೂತಿ ಬಿಲ್ವಪತ್ರೆ ತುಂಬಿ, ಎಲ್ಲರೂ ಹಿಡಿಮಣ್ಣು ಹಾಕಿದರು. ಅವನ ಸರದಿ ಬಂದಾಗ, ಮಗ್ಗಿ ಕಲಿಸಿದ ಆ ಮುಖ ನೋಡಿ ಅವನಿಗೆ ನಿಜವಾಗಿಯೂ ಅಳು ಬಂತು. ಸಂಬಂಧಕ್ಕೋ, ಮೇಷ್ಟ್ರಿಗೋ, ಅವನೇ ಬಿಡಿಸಿ ನೋಡಲಿಲ್ಲ.

ಎಲ್ಲರೂ ಕೈ ಮುಗಿದು ನಿಂತರು. ಹಿರಿಯರು ಯಾರಾದರೂ ಎರಡು ಮಾತು ಹೇಳಿ ಎಂದು ಐನೋರು ಕೇಳಿದರು. ಗುರುಶಾಂತಮ್ಮ ಮುಂದೆ ಬಂದರು. ಜಗಲಿಯ ಮೇಲೆ ಕೂತಿದ್ದವನು ಬೇರೊಬ್ಬ ಹುಡುಗ, ಬದುಕಿದ್ದಾನೆಂದು ಮಗ ಎಷ್ಟು ಬಿಡಿಸಿ ಹೇಳಿದರೂ, ಕೈಯಾರೆ ಹಾರ ಹಾಕಿದ ಅವರು ನಂಬಿರಲಿಲ್ಲ; ಆ ಸೀನು ಹೋಗುವ ಜೀವದ ಕೊನೆಯ ಉಸಿರೆಂದೇ ತಿಳಿದಿದ್ದರು. ಕಣ್ಣು ಮುಚ್ಚಿ ಗಟ್ಟಿಯಾಗಿ ಬೇಡಿಕೊಂಡರು:

"ಶಿವನೇ, ನಮ್ಮ ವೀರಭದ್ರ ಯಾರಿಗೂ ಕೇಡು ಬಗೆದವನಲ್ಲ. ಅವನನ್ನು ನಿನ್ನ ಪಾದದಲ್ಲಿ ಇಟ್ಕೊ, ಅವನ ಆತ್ಮಕ್ಕೆ ಶಾಂತಿ ಕೊಡು. ಇವತ್ತು ಈ ಮನೇಲಿ ಇನ್ನೊಬ್ಬ ಹುಡುಗನೂ ಹೋದ, ಯಾರ ಮಗನೋ ಕಾಣೆ. ಅವನ ಆತ್ಮಕ್ಕೂ ಶಾಂತಿ ಕೊಡಪ್ಪಾ."