ಗೀಸರ್ ಮಿಸ್ತ್ರಿಯ ಮನೆಯ ತಣ್ಣೀರು

ಶವರಿನಲ್ಲಿ ಬಿಸಿನೀರು ನಿಂತ ಕೂಡಲೇ ಮನುಷ್ಯನ ಬುದ್ಧಿಯೂ ನಿಲ್ತದೆ ಮಾರಾಯ್ರೆ. ನಾನು ಮಂಗಳೂರಿನಲ್ಲಿ ಗೀಸರ್ ರಿಪೇರಿ ಮಾಡುವವ, ದಿನಾ ನೋಡ್ತೇನೆ. ಹೊರಗೆ ಬೆವರು ಧಾರಾಕಾರ, ಫ್ಯಾನಿನಡಿ ಕೂತವರ ಬೆನ್ನೂ ಒದ್ದೆ, ಆದ್ರೂ ಈ ಊರಿನವರಿಗೆ ಸ್ನಾನಕ್ಕೆ ಬಿಸಿನೀರೇ ಆಗ್ಬೇಕು. ಅದರಿಂದಲೇ ನನ್ನ ಹೊಟ್ಟೆ ತುಂಬುವುದು, ಹಾಗಾಗಿ ದೂರುವ ಹಾಗಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಉಂಟು. ಯಾರ ಮನೆಯ ಗೀಸರ್ ಬಿಚ್ಚಿದರೂ, ಅದಕ್ಕೆ ಹಿಂದೆ ಕೈ ಹಾಕಿದ ಮಿಸ್ತ್ರಿಗೆ ಮೊದಲು ಬೈಯಬೇಕು. "ಯಾವ ಪುಣ್ಯಾತ್ಮ ಮುಟ್ಟಿದ್ದು ಇದನ್ನು? ಹೀಗೂ ಕೆಲಸ ಮಾಡ್ತಾರಾ?" ಅಂತ. ಬೈಯದಿದ್ದರೆ ಗಿರಾಕಿಗೆ ನಮ್ಮ ಮೇಲೆ ನಂಬಿಕೆ ಬರುವುದಿಲ್ಲ.

ಇಷ್ಟೆಲ್ಲ ಇದ್ದು ಕಾಟಿಪಳ್ಳದ ನಮ್ಮ ಮನೆಯ ಶವರಿನಲ್ಲಿ ಮಾತ್ರ ಮಳೆಗಾಲದಿಂದ ಬರೀ ತಣ್ಣೀರು. ಹೆಂಡತಿ ದಿನಾ ಹೇಳುವುದು, ನಾನು ದಿನಾ "ನಾಳೆ ಗ್ಯಾರಂಟಿ" ಅನ್ನುವುದು. "ಊರಿಗೆ ಉಪಕಾರಿ, ಮನೆಗೆ ಮಾರಿ" ಅಂತ ಅವಳು ಗೊಣಗಿಕೊಂಡು ಗ್ಯಾಸಿನಲ್ಲಿ ನೀರಿಡ್ತಿದ್ದಳು.

ಅಷ್ಟರಲ್ಲಿ ದೀಪಾವಳಿಗೆ ಅತ್ತೆ ಬರ್ತಾರೆ ಅಂತ ಸುದ್ದಿ ಬಂತು. ನಾನು ಓಡಿಹೋಗಿ ಕ್ಯಾಲೆಂಡರಿನಲ್ಲಿ ದಿನ ಎಣಿಸಿದೆ. ಯಾಕಂದ್ರೆ ಹೆಣ್ಣು ಕೊಡುವಾಗ ಅತ್ತೆ ನೆಂಟರ ಎದುರೇ ಹೇಳಿದ್ದರು: "ಹುಡುಗನಿಗೆ ಗಲ್ಫ್ ಇಲ್ಲ, ಕಾರಿಲ್ಲ, ತಲೆಯಲ್ಲಿ ಕೂದಲೂ ಕಡಿಮೆ. ಹೋಗ್ಲಿ, ಮಗಳಿಗೆ ಬಿಸಿನೀರಿಗಾದ್ರೂ ತೊಂದರೆ ಆಗ್ಲಿಕ್ಕಿಲ್ಲ." ನಾನು ಪಾಸಾದದ್ದೇ ಆ ಒಂದು ಸಬ್ಜೆಕ್ಟಿನಲ್ಲಿ.

ಹೆಂಡತಿ ಹೇಳಿದಳು, "ಹಬ್ಬದ ಬೆಳಿಗ್ಗೆ ಅಮ್ಮ ತಲೆಗೆ ಎಣ್ಣೆ ಹಚ್ಚಿ ಕೂತಾಗ ಬಿಸಿನೀರು ಬರ್ಲಿಲ್ಲಾಂದ್ರೆ, ನಾನು ಅವರ ಒಟ್ಟಿಗೇ ತವರಿಗೆ. ಆಮೇಲೆ ನೀವುಂಟು, ನಿಮ್ಮ ಗ್ಯಾರಂಟಿ ಉಂಟು."

"ನಾಳೆ ಗ್ಯಾರಂಟಿ" ಅಂದೆ.

ದೋಹಾದ ಸೇಫ್ಟಿ ಆಫೀಸರ್

ಆ ನಾಳೆ ಹೋದದ್ದು ಜೆಪ್ಪುವಿಗೆ. ಹಳೇ ಹಂಚಿನ ಮನೆ, ರಿಟೈರ್ ಆದ ಕೊಂಕಣಿ ಟೀಚರ್ ಒಬ್ಬರೇ ಇರುವುದು, ಗೌರವಕ್ಕೆ ಎಲ್ಲರೂ ಅವರನ್ನು "ಬಾಯಿ" ಅಂತ ಕರೆಯುವುದು. ನಾನು ಬ್ಯಾಗ್ ಕೆಳಗಿಡುವ ಮೊದಲೇ ಅವರು ಮೊಬೈಲನ್ನು ಸೋಪಿನ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು. ಅದರೊಳಗೆ ವೀಡಿಯೋ ಕಾಲಿನಲ್ಲಿ ಮಗ. ದೋಹಾದಲ್ಲಿ ದೊಡ್ಡ ಕಂಪನಿಯ ಸೇಫ್ಟಿ ಆಫೀಸರ್ ಅಂತೆ.

"ಹಲೋ, ಗೀಸರ್ ಮುಟ್ಟುವ ಮೊದಲು ಮನೆಯ ಮೇನ್ ಸ್ವಿಚ್ ಆಫ್ ಮಾಡ್ಬೇಕು. ನಾನು ಹೇಳಿದ ಹಾಗೆ ಒಂದೊಂದೇ ಸ್ಟೆಪ್" ಅಂದ.

ಸರಿ, ಬಾಯಿ ಹೋಗಿ ಮೇನ್ ಆಫ್ ಮಾಡಿದರು. ಮನೆಯ ವೈಫೈಯೂ ಹೋಯಿತು. ಮೊಬೈಲಿನಲ್ಲಿ ಮಗ ಬಾಯಿ ತೆರೆದವ ಹಾಗೆಯೇ ನಿಂತುಬಿಟ್ಟ. ಒಂದು ಕ್ಷಣದಲ್ಲಿ ಒಳಗೆ ಲ್ಯಾಂಡ್‌ಲೈನ್ ಹೊಡಕೊಂಡಿತು. "ಮಮ್ಮಿ! ಎಂತ ಆಯ್ತು? ಮೆಕ್ಯಾನಿಕಿಗೆ ಶಾಕ್ ಹೊಡೀತಾ? ಮೇನ್ ಆನ್ ಮಾಡಿ, ನಾನು ನೋಡ್ಬೇಕು!"

ಮೇನ್ ಆನ್ ಆಯಿತು. ಮಗನಿಗೆ ಜೀವ ಬಂತು. ನಾನು ಸ್ಕ್ರೂಡ್ರೈವರ್ ಎತ್ತಿದೆ.

"ನಿಲ್ಲಿ! ಮೇನ್ ಆನ್ ಉಂಟಲ್ಲ, ಹೇಗೆ ಮುಟ್ತೀರಿ? ಆಫ್ ಮಾಡಿ!"

ಆಫ್ ಮಾಡಿದರು. ಮಗ ಮತ್ತೆ ಕಲ್ಲಿನ ಮೂರ್ತಿ. ಮತ್ತೆ ಲ್ಯಾಂಡ್‌ಲೈನ್. ಮತ್ತೆ ಆನ್. ಬಾಯಿಗೆ ಓಡಾಡಿ ಓಡಾಡಿ ಉಬ್ಬಸ ಬಂತು. ಕೊನೆಗೊಮ್ಮೆ ಆಫ್ ಮಾಡಿದವರು ಲ್ಯಾಂಡ್‌ಲೈನಿನ ರಿಸೀವರನ್ನೂ ತೆಗೆದು ಪಕ್ಕಕ್ಕಿಟ್ಟರು. ನಾನು ಗೀಸರಿನೊಳಗೆ ನೀರು ಕಾಯಿಸುವ ಕಾಯಿಲಿಗೆ ಹಿಡಿದ ಸುಣ್ಣದ ಪದರ ಕೆರೆದು ತೆಗೆದು, ಹಿಂದಿನ ಮಿಸ್ತ್ರಿಗೆ ಬೈದು, ಎಲ್ಲ ಕೂಡಿಸಿ, "ಆಯ್ತು ಬಾಯಿ, ಇನ್ನು ಮೇನ್ ಹಾಕ್ಬಹುದು" ಅಂದೆ.

ಅವರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದರು. "ಸ್ವಲ್ಪ ಹೊತ್ತು ಹೀಗೇ ಇರ್ಲಿ ಪುತಾ. ಮನೆ ಎಷ್ಟು ಶಾಂತ ಉಂಟು ನೋಡು."

ಮೇಲಿನ ಮನೆಯ ಬಿಸಿಲು

ಮರುದಿನ ಒಂದು ಫ್ಲ್ಯಾಟಿನವರ ಸರದಿ. ಆ ಸಾಹೇಬರು ಜೂನಿನಿಂದ ಫೋನ್ ಮಾಡ್ತಿದ್ದರು. ನಾನು ಅವರಿಗೂ "ನಾಳೆ ಗ್ಯಾರಂಟಿ" ಹೇಳ್ತಿದ್ದೆ. ಹೋಗಿ ಗೀಸರ್ ಬಿಚ್ಚಿ, ಪದ್ಧತಿ ಪ್ರಕಾರ ಶುರು ಮಾಡಿದೆ. "ಯಾವ ಪುಣ್ಯಾತ್ಮ ಸಾರ್ ಈ ಕಾಯಿಲ್ ಹಾಕಿದ್ದು? ಈ ಗೀಸರ್ ಒಂದು ಕಂಪನಿ, ಕಾಯಿಲ್ ಇನ್ನೊಂದು ಕಂಪನಿ!"

"ನೀವೇ" ಅಂದರು ಸಾಹೇಬರು. "ಎಪ್ರಿಲಿನಲ್ಲಿ, ಆದಿತ್ಯವಾರ. ಅಂಗಡಿಗಳೆಲ್ಲ ಬಂದ್ ಇದ್ದರೂ ಎಲ್ಲಿಂದಲೋ ತಂದು ಹಾಕಿದ್ರಲ್ಲ."

"ಅದೇ ಹೇಳಿದ್ದು ಸಾರ್, ಎಷ್ಟು ಗಟ್ಟಿ ಉಂಟು ನೋಡಿ" ಅಂದೆ. ಎಲ್ಲಿಂದ ತಂದದ್ದೆಂದು ನನಗೂ ನೆನಪಾಗಲಿಲ್ಲ.

ಕಾಯಿಲ್ ಸರಿ ಉಂಟು, ನೀರು ಕುದೀತದೆ. ಆದ್ರೆ ಬೆಳಿಗ್ಗೆ ಶವರಿಗೆ ಬರುವುದು ಮಾತ್ರ ತಣ್ಣೀರಂತೆ. ತಲೆ ಕೆರೆದುಕೊಂಡು ಪೈಪಿನ ಜಾಡು ಹಿಡಿದು ಹೋದ್ರೆ, ಕಟ್ಟುವಾಗಲೇ ಯಾರೋ ಗೋಡೆಯೊಳಗೆ ಕವಲು ಹೊಡೆದಿದ್ದಾರೆ. ಇವರ ಬಿಸಿನೀರಿಗೆ ಮೇಲಿನ ಮನೆಗೂ ಒಂದು ದಾರಿ. ಆ ಮನೆ ಖಾಲಿ ಇದ್ದಷ್ಟು ದಿನ ಗೊತ್ತಾಗಲಿಲ್ಲ. ಮೇ ತಿಂಗಳಿನಲ್ಲಿ ಒಂದು ಸಂಸಾರ ಬಂತು. ಇವರು ಗೀಸರ್ ಹಾಕಿ, ಕಾಫಿ ಕುಡಿದು ಬಚ್ಚಲಿಗೆ ಬರುವ ಮೊದಲೇ ಅವರೆಲ್ಲರ ಸ್ನಾನ ಮುಗಿದಿರ್ತಿತ್ತು.

ಮೇಲೆ ಹೋಗಿ ನೋಡಿದ್ರೆ ಅಲ್ಲಿ ಗೀಸರೇ ಇಲ್ಲ. "ಅಕ್ಕ, ನಿಮಗೆ ಬಿಸಿನೀರು ಎಲ್ಲಿಂದ?" ಅಂತ ಕೇಳಿದೆ.

"ನಾವು ಬಂದಂದಿನಿಂದ ಬರ್ತಾ ಉಂಟು. ಟಾಪ್ ಫ್ಲೋರ್ ಅಲ್ವಾ, ಮೇಲಿನ ಟ್ಯಾಂಕಿಗೆ ಬಿಸಿಲು ಬೀಳ್ತದಲ್ಲ."

"ಮಳೆಗಾಲದಲ್ಲಿ?"

"ಮಳೆಗಾಲದಲ್ಲೂ ಒಳ್ಳೇ ಬಿಸಿಲು ಬ್ರದರ್!"

ಸಾಹೇಬರು ನನ್ನ ಹಿಂದೆಯೇ ನಿಂತಿದ್ದರು. ಅವರ ಮುಖ ನೋಡಲಿಕ್ಕೆ ನನಗೆ ಧೈರ್ಯ ಬರ್ಲಿಲ್ಲ. ಕವಲು ಬಂದ್ ಮಾಡಿ ಬಂದೆ. ಮರುದಿನ ಬೆಳಿಗ್ಗೆ ಮೇಲಿನ ಅಕ್ಕನ ಫೋನ್: "ಬ್ರದರ್, ನಮ್ಮ ಬಾತ್‌ರೂಮಿನ ಬಿಸಿಲು ಹಾಳಾಗಿದೆ. ಬಂದು ರಿಪೇರಿ ಮಾಡ್ತೀರಾ?"

ಗೀಸರಿಗೆ ಕುಂಕುಮ

ಹಬ್ಬದ ಹಿಂದಿನ ದಿನ, ಅಂದ್ರೆ ಹಂಡೆಗೆ ನೀರು ತುಂಬಿಸಿ ಪೂಜೆ ಮಾಡುವ ದಿನ. ಆ ಸಂಜೆ ಅತ್ತೆ ಬರುವುದು. ಮಧ್ಯಾಹ್ನವೇ ಮನೆಗೆ ಓಡಬೇಕೆಂದು ಹೊಸ ಕಾಯಿಲ್ ಕೂಡ ಬ್ಯಾಗಿಗೆ ಹಾಕಿಕೊಂಡಿದ್ದೆ. ಅಷ್ಟರಲ್ಲಿ ಬೈಕಂಪಾಡಿ ಕಡೆಯಿಂದ ಅರ್ಜೆಂಟ್ ಕರೆ. ದೊಡ್ಡ ಕೂಡುಕುಟುಂಬ. ಅರ್ಧ ಜನರಿಗೆ ಬಿಸಿನೀರು ಬರ್ತದಂತೆ, ಅರ್ಧ ಜನರಿಗೆ ತಣ್ಣೀರಂತೆ.

"ಪಾಪ ಮಾಡಿದವರಿಗೆ ತಣ್ಣೀರು" ಅಂತ ಬಿಸಿನೀರು ಸಿಕ್ಕಿದ ಅತ್ತಿಗೆ ಹೇಳಿದರು. ತಣ್ಣೀರು ಸಿಕ್ಕಿದ ನಾದಿನಿ ಮೂತಿ ತಿರುಗಿಸಿದರು.

ಬಚ್ಚಲಿಗೆ ಹೋಗಿ ನೋಡ್ತೇನೆ, ಗೀಸರ್ ಮದುಮಗಳ ಹಾಗೆ ನಿಂತಿದೆ! ಕೊರಳಿಗೆ ಸೇವಂತಿಗೆ ಮಾಲೆ, ಹೊಟ್ಟೆ ತುಂಬ ಶೇಡಿಮಣ್ಣಿನ ಬಿಳಿ ರಂಗೋಲಿ, ನಡುವೆ ರೂಪಾಯಿ ಅಗಲದ ಕುಂಕುಮ. ಅಜ್ಜಿಯ ಕೆಲಸ. "ಹಂಡೆ ಇದ್ದಾಗ ಹಂಡೆಗೆ ಮಾಡ್ತಿದ್ದೆ. ಈಗ ಇದೇ ಹಂಡೆ. ಹಬ್ಬ ಬಿಡ್ಲಿಕ್ಕಾಗ್ತದಾ?" ಅಂದರು.

ನನಗೆ ವಿಷಯ ಹೊಳೆಯಿತು. ಕುಂಕುಮ ಕೂತಿದ್ದದ್ದು ಸರಿಯಾಗಿ ಗೀಸರಿನ ಕೆಂಪು ದೀಪದ ಮೇಲೆ. ಸ್ವಿಚ್ ಬಾಗಿಲಿನ ಹೊರಗೆ, ಹಳೇದು, ಆನೋ ಆಫೋ ದೀಪ ನೋಡಿಯೇ ತಿಳಿಯಬೇಕು. ಒಬ್ಬರು ಬಂದು ದೀಪ ಇಲ್ಲ ಅಂತ ಸ್ವಿಚ್ ಒತ್ತುವುದು, ಆನ್ ಆಗ್ತದೆ. ಮುಂದಿನವರು ಬಂದು ದೀಪ ಇಲ್ಲ ಅಂತ ಒತ್ತುವುದು, ಆಫ್ ಆಗ್ತದೆ. ಹೀಗೆ ಬೆಳಿಗ್ಗೆಯಿಂದ ಪಾಪ ಪುಣ್ಯದ ಹಂಚಿಕೆ ನಡೆದಿತ್ತು.

"ಅಜ್ಜೀ, ಈ ಕುಂಕುಮ ಒರೆಸಿದ್ರೆ ಎಲ್ಲ ಸರಿಯಾಗ್ತದೆ" ಅಂದೆ.

ಅಜ್ಜಿ ಕಣ್ಣು ಕೆಂಪು ಮಾಡಿದರು. "ಹಬ್ಬದ ದಿನ ಹಂಡೆಯ ಕುಂಕುಮ ಒರೆಸ್ತಿಯಾ? ನಾಲಿಗೆ ಬಿದ್ದುಹೋದೀತು! ನೀನು ಬೇಕಾದ್ರೆ ಆ ಬಲ್ಬನ್ನು ಬೇರೆ ಕಡೆ ಇಡು."

ಲೊಕೇಶನ್ ಬಂದದ್ದು

ಅಲ್ಲಿಂದ ಹೊರಟು ಮನೆ ಅಂತ ಬೈಕ್ ಸ್ಟಾರ್ಟ್ ಮಾಡಿದೆ. ಕೆಲಸ ಕೊಡುವ ಅಂಗಡಿಯ ಧಣಿಗಳ ಫೋನ್ ಬಂತು. "ಮಾರಾಯ, ಒಂದು ಕಂಪ್ಲೇಂಟ್ ಉಂಟು. ಯಾರೋ ಹಿರಿಯ ಹೆಂಗಸು, ಭಾರೀ ಜೋರು. ಅವರ ಮನೆಗೆ ಬರ್ಬೇಕಿದ್ದ ಮೆಕ್ಯಾನಿಕ್ ಮಳೆಗಾಲದಿಂದ ನಾಳೆ ನಾಳೆ ಅಂತ ಆಟ ಆಡಿಸ್ತಿದ್ದಾನಂತೆ."

"ಎಂಥ ಜನ ಧಣಿ! ಇಂಥವರಿಂದಲೇ ನಮ್ಮ ಕಸುಬಿಗೆ ಕೆಟ್ಟ ಹೆಸರು" ಅಂದೆ.

ಲೊಕೇಶನ್ ಕಳಿಸಿದರು. ಮೊಬೈಲಿನಲ್ಲಿ ಹಾಕಿದೆ, ಕಾಟಿಪಳ್ಳ ತೋರಿಸಿತು. ಒಳ್ಳೇದಾಯ್ತು, ಕೆಲಸ ಮುಗಿಸಿ ಹಾಗೇ ಮನೆಗೆ ನುಗ್ಗಬಹುದು. ಬಲಕ್ಕೆ ಅಂತು, ತಿರುಗಿದೆ. ಎಡಕ್ಕೆ ಅಂತು, ತಿರುಗಿದೆ. ಪಕ್ಕದ ಮನೆಯ ನಾಯಿ ಬಾಲ ಅಲ್ಲಾಡಿಸಿತು. ನೀವು ತಲುಪಿದ್ದೀರಿ ಅಂತ ಮೊಬೈಲ್ ಹೇಳಿದ್ದು ನನ್ನದೇ ಗೇಟಿನ ಎದುರು.

ಚಾವಡಿಯಲ್ಲಿ ಅತ್ತೆ ಕೂತಿದ್ದರು. ಮಧ್ಯಾಹ್ನದ ಬಸ್ಸಿಗೇ ಬಂದುಬಿಟ್ಟಿದ್ದರು. ಕೈಕಾಲು ತೊಳೆಯಲು ಬಿಸಿನೀರು ತಿರುಗಿಸಿದ್ದಾರೆ, ಗುಟ್ಟು ರಟ್ಟಾಗಿದೆ. ನಮ್ಮ ಧಣಿಗಳ ಅಂಗಡಿಯ ನಂಬರ್ ಮಗಳ ಹತ್ತಿರ ಕೇಳಿ, ತಮ್ಮದೇ ಫೋನಿನಿಂದ ಕಂಪ್ಲೇಂಟ್ ಕೊಟ್ಟಿದ್ದಾರೆ.

"ಅಮ್ಮಾ, ಮೆಕ್ಯಾನಿಕ್ ಬಂದ್ರು" ಅಂದಳು ಹೆಂಡತಿ. ಮುಖದಲ್ಲಿ ನಗುವಿನ ಸುಳಿವೂ ಇಲ್ಲ.

"ಬನ್ನಿ, ಬನ್ನಿ" ಅಂದರು ಅತ್ತೆ. "ಚಪ್ಪಲಿ ಹೊರಗೆ ಇಡಿ. ಕೆಲಸ ಗೊತ್ತುಂಟಲ್ಲ?"

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಚಪ್ಪಲಿ ಹೊರಗಿಟ್ಟು ಬಚ್ಚಲಿಗೆ ಹೋಗಿ ಗೀಸರ್ ಬಿಚ್ಚಿದೆ. ಇಬ್ಬರೂ ಬಾಗಿಲಲ್ಲಿ ನಿಂತು ನೋಡ್ತಾ ಇದ್ದಾರೆ. ಕಾಯಿಲ್ ಹೊರಗೆ ಎಳೆದ್ರೆ ಸುಟ್ಟು ಕರಕಲಾಗಿದೆ, ಕಂಪನಿಯೂ ನಮ್ಮ ಗೀಸರಿನದ್ದಲ್ಲ. ಅಭ್ಯಾಸ ಬಾಯಿಯಿಂದ ಹೊರಗೆ ಬಿದ್ದೇ ಬಿಟ್ಟಿತು.

"ಯಾವ ಪುಣ್ಯಾತ್ಮ ಮಾರಾಯ್ರೆ ಈ ಸುಟ್ಟ ಕಾಯಿಲನ್ನು ತಂದು ಇಲ್ಲಿ ಹಾಕಿದ್ದು? ಅವನಿಗೆ ಹೆಂಡತಿ ಮಕ್ಕಳು ಇಲ್ವಾ?"

ಹೆಂಡತಿ ನಿಧಾನ ಹೇಳಿದಳು, "ಎಪ್ರಿಲಿನಲ್ಲಿ ಒಂದು ಆದಿತ್ಯವಾರ, ಯಾರಿಗೋ ಅರ್ಜೆಂಟ್ ಅಂತ ಇದರಿಂದ ಏನೋ ಬಿಚ್ಚಿಕೊಂಡು ಓಡಿದ್ರಲ್ಲ ನೀವು?"

ಕೈಯಲ್ಲಿದ್ದ ಕಾಯಿಲ್ ನೆಲಕ್ಕೆ ಬಿತ್ತು. ಫ್ಲ್ಯಾಟಿನ ಸಾಹೇಬರು! ಅಂಗಡಿ ಬಂದ್ ಅಂತ ನಮ್ಮ ಮನೆಯ ಒಳ್ಳೇ ಕಾಯಿಲನ್ನು ಅವರಿಗೆ ಹಾಕಿ, ಅವರ ಸುಟ್ಟದ್ದನ್ನು ಸದ್ಯಕ್ಕೆ ತೂತು ಮುಚ್ಚಲಿ ಅಂತ ಇಲ್ಲಿ ಸಿಕ್ಕಿಸಿದ್ದೆ. ಬೇಸಿಗೆಯ ಸೆಕೆಗೆ ನಮ್ಮ ಮನೆಯಲ್ಲಿ ಯಾರೂ ಗೀಸರ್ ಹಾಕಲಿಲ್ಲ, ನನಗೂ ಮರೆತೇ ಹೋಯಿತು. ಮಳೆಗಾಲ ಪೂರಾ ನನ್ನ ಹೆಂಡತಿ ಗ್ಯಾಸಿನಲ್ಲಿ ನೀರು ಕಾಯಿಸ್ತಿದ್ದರೆ, ನಮ್ಮ ಕಾಯಿಲ್ ಆ ಮೇಲಿನ ಮನೆಯ ಅಕ್ಕನಿಗೆ ಬಿಸಿಲು ಕೊಡ್ತಾ ಇತ್ತು.

ಬ್ಯಾಗಿನಲ್ಲಿದ್ದ ಹೊಸ ಕಾಯಿಲ್ ಹಾಕಿದೆ. ಮರುದಿನ ಹಬ್ಬದ ಬೆಳಿಗ್ಗೆ ಅತ್ತೆಗೆ ಮೊದಲ ಎಣ್ಣೆಸ್ನಾನ. ನಾನು ತಲೆಯಿಂದ ಕಾಲಿನವರೆಗೆ ಎಣ್ಣೆ ಬಳಿದುಕೊಂಡು, ತುಂಡು ಪಂಚೆ ಉಟ್ಟು, ಸರದಿಗಾಗಿ ಮಣೆ ಮೇಲೆ ಕೂತೆ. ಒಳಗಿಂದ ಆವಿ ಬರ್ತಾ ಇತ್ತು. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಅತ್ತೆಯ ಮುಖ ಕೆಂಪಾಗಿ ಹೊಳೀತಿತ್ತು.

ಅದೇ ಹೊತ್ತಿಗೆ ಅವರ ಫೋನ್ ಹೊಡಕೊಂಡಿತು. ನಮ್ಮ ಧಣಿಗಳು ಹಬ್ಬಕ್ಕೂ ಬಿಡುವುದಿಲ್ಲ, ಪ್ರತಿ ಗಿರಾಕಿಗೂ ಮರುದಿನ ಫೋನ್ ಮಾಡಿ ಕೆಲಸ ಹೇಗಾಯ್ತು ಅಂತ ಕೇಳ್ತಾರೆ.

"ಬಿಸಿನೀರು ಫಸ್ಟ್ ಕ್ಲಾಸ್" ಅಂದರು ಅತ್ತೆ. ನನಗೆ ಹೋದ ಜೀವ ಬಂದ ಹಾಗಾಯ್ತು. ಅವರು ತಲೆಗೆ ಟವೆಲ್ ಸುತ್ತಿಕೊಳ್ತಾ ನನ್ನನ್ನೊಮ್ಮೆ ನೋಡಿದರು.

"ಆದ್ರೆ ನೀವು ನಿನ್ನೆ ಕಳಿಸಿದ ಮೆಕ್ಯಾನಿಕ್ ಇನ್ನೂ ಹೋಗ್ಲಿಲ್ಲ ಮಾರಾಯ್ರೆ. ರಾತ್ರಿ ಊಟ ಮಾಡಿ ಇಲ್ಲೇ ಮಲಗಿದ್ರು. ಈಗ ಮೈಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಾರೆ."