ಜೀವ ಸಿಕ್ಕಿಕೊಂಡ ರೇಡಿಯೋ

ಅವ್ವಮ್ಮ ಆ ಬೆಳಿಗ್ಗೆ ಮೊದಲು ಬಾಯಿ ಬಿಟ್ಟಾಗ ಆಡಿದ್ದು ಒಂದೇ ಮಾತು. "ರೇಡಿಯೋ." ಆ ಒಂದು ಮಾತು ಹಡಪಸರದ ತಗಡಿನ ಓಣಿಯಲ್ಲಿ ಎಬ್ಬಿಸಿದ ಗದ್ದಲವನ್ನು ಪುಣೆಯ ಯಾವ ಚುನಾವಣೆಯೂ ಎಬ್ಬಿಸಿಲ್ಲ. ನಂಬದವರು ಹೋಗಿ ಕೇಳಿಕೊಂಡು ಬರಲಿ. ಓಣಿ ಇನ್ನೂ ಅಲ್ಲೇ ಇದೆ, ಅವಳೂ ಇನ್ನೂ ಅಲ್ಲೇ ಇದ್ದಾಳೆ.

ಡಾಕ್ಟರು ಅವ್ವಮ್ಮನ ನಾಡಿ ನೋಡಿ "ಮನೆಗೆ ಕರೆದುಕೊಂಡು ಹೋಗಿ, ಇವತ್ತೋ ನಾಳೆಯೋ" ಎಂದು ಕೈ ತೊಳೆದುಕೊಂಡಿದ್ದರು. ಸುದ್ದಿ ಸೇಡಂ ಕಡೆಯ ಊರು ಮುಟ್ಟುವುದೇ ತಡ, ಅವ್ವಮ್ಮನ ತಮ್ಮ ಭೀಮಣ್ಣ ಒಂದು ಜೀಪಿನ ತುಂಬ ನೆಂಟರನ್ನು ಹೇರಿಕೊಂಡು ಬಂದ. ಮುಂದಾಲೋಚನೆಯ ಮನುಷ್ಯ, ವಿಭೂತಿ, ಬಿಳಿ ಬಟ್ಟೆ, ಹೂವಿನ ಹಾರ ಎಲ್ಲ ಊರಿನಿಂದಲೇ ತಂದಿದ್ದ. ಹಾರ ಬಾಡಿತು. ಎರಡನೆಯದು ತಂದರು, ಅದೂ ಬಾಡಿತು. ಅವ್ವಮ್ಮ ಮಾತ್ರ ಬಾಡಿದಷ್ಟಕ್ಕೇ ನಿಂತಿದ್ದಳು. ನಾಲ್ಕು ಜನ ಮಲಗಿದರೆ ಒಬ್ಬರ ಕಾಲು ಇನ್ನೊಬ್ಬರ ಬಾಯಿಗೆ ಹೋಗುವ ಕೋಣೆಯಲ್ಲಿ ಈಗ ಅರ್ಧ ಊರೇ ಮಲಗಿ, ಎದ್ದು, ಚಹಾ ಕೇಳುತ್ತಿತ್ತು.

ಇವೆಲ್ಲಕ್ಕಿಂತ ದೊಡ್ಡ ಸಂಕಟ, ಅಪ್ಪನನ್ನು ಎಂದೋ ಮಣ್ಣು ಮಾಡಿದ್ದ ಮಗ ಗುರಣ್ಣನದು. ಅವನು ದುಡಿಯುವ ಕಾರ್ಖಾನೆಯ ಸೂಪರ್‌ವೈಜರು ಸತ್ತವರಿಗೆ ರಜೆ ಕೊಡುತ್ತಿದ್ದನೇ ಹೊರತು ಸಾಯುತ್ತಿರುವವರಿಗಲ್ಲ. ಹಾಗಾಗಿ ಗುರಣ್ಣ ಹಿಂದಿನ ದಿನವೇ ತಗಡಿನ ಗೋಡೆಯ ಆಚೆ ನಿಂತು, ಫೋನಿನಲ್ಲಿ "ಸಾಹೇಬ, ಆಯೀ ವಾರಲಿ" ಅಂದುಬಿಟ್ಟಿದ್ದ. ತಾಯಿ ತೀರಿಕೊಂಡಳು ಎಂಬ ಸುಳ್ಳನ್ನು ಮರಾಠಿಯಲ್ಲಿ ಹೇಳಿದ್ದರಿಂದ ಪಾಪ ಅರ್ಧ ಕಡಿಮೆ ಎಂದು ಸಮಾಧಾನ ಮಾಡಿಕೊಂಡಿದ್ದ. ಸಿಕ್ಕಿದ ರಜೆ ಮರುದಿನಕ್ಕೆ ಮುಗಿಯುತ್ತಿತ್ತು. ತಾಯಿ ಮುಗಿಯುತ್ತಿರಲಿಲ್ಲ. ಹೀಗೆ ಯೋಚಿಸಿದ್ದಕ್ಕೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡು ಹೊರಗೆ ಬರುವಷ್ಟರಲ್ಲಿ ಸಿದ್ದಲಿಂಗಪ್ಪ ಮುತ್ಯಾ ಬಂದ.

ಮುತ್ಯಾ ಪಕ್ಕದ ಮನೆಯ ಮುದುಕ. ಗೌಂಡಿ ಕೆಲಸ ಮಾಡಿ ಅರ್ಧ ಪುಣೆ ಕಟ್ಟಿದವನು. ಉಳಿದರ್ಧ ಕಟ್ಟಿದವರನ್ನು ಮಣ್ಣಿಗೆ ಕಳಿಸಿಕೊಟ್ಟವನೂ ಅವನೇ. ಓಣಿಯಲ್ಲಿ ಅವನ ಅಪ್ಪಣೆಯಿಲ್ಲದೆ ಯಾರೂ ಸತ್ತದ್ದಿಲ್ಲ.

"ಜೀವ ಸಿಕ್ಕೊಂಡದ ತಮ್ಮಾ," ಅಂದ ಮುತ್ಯಾ. "ಯಾವುದರಾಗ ಅಂತ ನಿನ್ನೆಯಿಂದ ತಡಕಾಡ್ಲತ್ತಿದ್ವಿ. ಗಂಗಾಜಲ ಹಾಕಿದ್ವಿ, ಹೋಳಿಗಿ ತುಟಿಗಿ ಹಚ್ಚಿದ್ವಿ, ಇಲ್ಲ. ಈಗ ಆಕಿನೇ ಬಾಯಿ ಬಿಟ್ಟು ಹೇಳ್ಯಾಳ. ರೇಡಿಯೋದಾಗ ಸಿಕ್ಕೊಂಡದ. ಜೀವ ಎದರಾಗ ಸಿಕ್ಕಿರತದೋ ಅದನ್ನ ಕೈಯಾಗ ಕೊಟ್ಟೇ ಕಳಸಬೇಕು. ಇಲ್ಲಂದ್ರ ಅದರ ಸುತ್ತನೇ ತಿರಗತದ."

"ಫೋನಿನ್ಯಾಗೇ ರೇಡಿಯೋ ಬರತದಲ್ಲ ಮುತ್ಯಾ," ಎಂದು ಗುರಣ್ಣನ ಹೆಂಡತಿ ಮಾಯಾ ಕನ್ನಡ ಹಾಡು ಹಚ್ಚಿ ಅತ್ತೆಯ ಕಿವಿಗೆ ಹಿಡಿದಳು.

ಅವ್ವಮ್ಮ ಕಣ್ಣು ತೆರೆಯದೆಯೇ ಕೈಯಿಂದ ದೂಡಿದಳು. "ಫೋನದ ಇದು. ಕೊರ್ ಅನ್ನವಲ್ದು."

ಸಾಯುವವಳಿಗೆ ಇಷ್ಟು ಗೊತ್ತಾದ ಮೇಲೆ ಬದುಕಿದವರು ಸುಮ್ಮನಿರುವುದು ಹೇಗೆ? ಗುರಣ್ಣ ಚಪ್ಪಲಿ ಮೆಟ್ಟುವಷ್ಟರಲ್ಲಿ ಓಣಿಯೆಲ್ಲ ಸಲಹೆ ಕೊಟ್ಟಿತು. ಒಬ್ಬರು ಬ್ಯಾಟರಿ ದೀಪ ಇರುವುದು ತಾ ಅಂದರು, ಒಬ್ಬರು ಪೆನ್‌ಡ್ರೈವ್ ಹಾಕುವಂಥದು ಅಂದರು. ಭೀಮಣ್ಣ ಮಾವ, "ದೊಡ್ಡ ಆವಾಜಿಂದು ತಗೊಂಡು ಬಾ. ಮುಂದ ಭಜನಿಗೂ ಉಪಯೋಗ ಬರತದ," ಅಂದ.

ಗುರಣ್ಣ ಎಲ್ಲರ ಮಾತೂ ಕೇಳಿ, ಹಡಪಸರದ ಅಂಗಡಿಯಿಂದ ಜಾತ್ರೆಯ ತೇರಿನಂತೆ ಮಿಣಮಿಣ ಎನ್ನುವ ಒಂದು ಡಬ್ಬಿ ತಂದ. ದೀಪ ಹತ್ತಿತು, ಪೆನ್‌ಡ್ರೈವಿಗೆ ಬಾಯಿ ಇತ್ತು, ಹಿಂದೆ ಸೂರ್ಯನ ಬಿಸಿಲು ಕುಡಿಯುವ ಪಟ್ಟಿ ಇತ್ತು. ಕಿವಿ ತಿರುವಿದರೆ ಹೆಣ್ಣುಮಗಳೊಬ್ಬಳು ಮರಾಠಿಯಲ್ಲಿ ಫ್ಲ್ಯಾಟು ಮಾರುತ್ತಿದ್ದಳು. ಮುಂದೆ ತಿರುವಿದರೆ ಇನ್ನೊಬ್ಬಳು ಅದೇ ಫ್ಲ್ಯಾಟನ್ನು ಹಿಂದಿಯಲ್ಲಿ ಮಾರುತ್ತಿದ್ದಳು.

"ಸಾಯೋರಿಗಿ ಫ್ಲ್ಯಾಟ್ ಎದಕ್ಕೋ," ಅಂದ ಮುತ್ಯಾ. "ಇದು ಬರೇ ಎಫ್ಫೆಮ್ಮು. ನಮ್ಮ ಕಡೀದು ಬೇಕಂದ್ರ ಮೀಡಿಯಂ ವೇವ್ ಬೇಕು. ತಿರುವಲಿಕ್ಕ ಎರಡು ಗುಬ್ಬಿ, ಒಂದು ಮುಳ್ಳು, ಅಷ್ಟೇ ಇರ್ಬೇಕು. ಕ್ಯಾಂಪಿನ ಬಜಾರಿಗಿ ಹೋಗು."

ಹಡಪಸರದಿಂದ ಕ್ಯಾಂಪಿಗೆ ಬಸ್ಸಿನಲ್ಲಿ ಹೋಗುವುದೆಂದರೆ, ಹತ್ತುವಾಗ ತೊಡೆಯ ಮೇಲಿದ್ದ ಕೂಸು ಇಳಿಯುವಾಗ ಮೀಸೆ ತಿರುವುತ್ತದೆ. ಗುರಣ್ಣ ಇಡೀ ದಾರಿ ತಾಯಿಯ ಉಸಿರಿನ ಲೆಕ್ಕದಲ್ಲೇ ನಿಂತಿದ್ದ. ಅಂಗಡಿಯ ಮೇಲೆ ಅಂಗಡಿ ಹತ್ತಿಳಿದು, ಕೊನೆಗೆ ಗಡಿಯಾರ ರಿಪೇರಿಯ ಒಂದು ಗೂಡಿನಲ್ಲಿ ಕೇಳಿದ. ಅಲ್ಲಿನ ಮುದುಕ ಮೇಲಿನ ಹಲಗೆಯಿಂದ ಧೂಳು ತುಂಬಿದ ಕರಿ ಪೆಟ್ಟಿಗೆಯೊಂದನ್ನು ಇಳಿಸಿದ. ಎರಡು ಗುಬ್ಬಿ, ಒಂದು ಮುಳ್ಳು. ಸೆಲ್ಲು ಹಾಕಿದ. ಕೊರ್ ಅಂತು.

ಆ ಕೊರ್ ಕೇಳಿ ಗುರಣ್ಣನ ಕಣ್ಣಲ್ಲಿ ನೀರು ಬಂತು.

"ಹೇ ಶೇವಟಚಾ," ಅಂದ ಮುದುಕ. ಇದೇ ಕಡೆಯದು, ಮತ್ತೆ ಬರುವುದಿಲ್ಲ, ಜೋಪಾನ.

ಮನೆಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ಅವ್ವಮ್ಮನ ಉಸಿರು ದಾರದಂತಾಗಿತ್ತು. ಗುರಣ್ಣ ರೇಡಿಯೋ ಹಚ್ಚಿದ. ತಗಡಿನ ಕೋಣೆಯೊಳಗೆ ಅದು ಸಾವಿರ ಜೀರುಂಡೆ ನುಂಗಿದಂತೆ ಚೀರಿತು.

"ತಗಡದೊಳಗ ಹೆಂಗ್ ಬರತದ? ಹೊರಸು ಹೊರಗ ತರ್ರಿ," ಅಂದ ಮುತ್ಯಾ.

ಹೊರಸನ್ನು ಅವ್ವಮ್ಮನ ಸಮೇತ ಓಣಿಗೆ ತಂದರು. ಅದನ್ನು ನೋಡಿ ಓಣಿಯ ಆ ತುದಿಯವರು ಎಲ್ಲ ಮುಗಿಯಿತೆಂದು ಅಳುತ್ತ ಓಡಿಬಂದರು. ಅವರನ್ನು ಸುಮ್ಮನಾಗಿಸಲು ಬೇರೆಯೇ ಜನ ಬೇಕಾಯಿತು. ದೀಪ ಉರಿದರೆ ರೇಡಿಯೋ ಗುಂಯ್ ಅನ್ನುತ್ತದೆಂದು ದೀಪ ಆರಿಸಿದರು. ಫೋನ್ ಚಾರ್ಜರು ಕಿತ್ತರು. ಸಾಲದೆಂದು ಭೀಮಣ್ಣ ಮಾವ ಇಡೀ ಓಣಿಯ ಮೇನ್ ಸ್ವಿಚ್ಚನ್ನೇ ಎಳೆದ. ಧಾರಾವಾಹಿಯಲ್ಲಿ ಸೊಸೆಗೆ ವಿಷ ಹಾಕುವ ಗಳಿಗೆಯಲ್ಲಿ ಟೀವಿ ಆರಿಹೋದ ಹೆಣ್ಣುಮಕ್ಕಳು ಹೊರಗೆ ಬಂದು, ಆ ವಿಷ ತಮ್ಮ ಕೈಗೆ ಸಿಕ್ಕಿದ್ದರೆ ಯಾರಿಗೆ ಹಾಕುತ್ತಿದ್ದೆವೆಂದು ಹೆಸರು ಹಿಡಿದು ಹೇಳಿದರು.

ಗುರಣ್ಣ ರೇಡಿಯೋ ಹಿಡಿದು ಪೂರ್ವಕ್ಕೆ ತಿರುಗಿದ, ಪಶ್ಚಿಮಕ್ಕೆ ತಿರುಗಿದ, ನೀರಿನ ಡ್ರಮ್ಮು ಹತ್ತಿದ, ಜಾರಿ ಅದರೊಳಗೇ ಬಿದ್ದ. ಬೀಳುವಾಗಲೂ ರೇಡಿಯೋ ಹಿಡಿದ ಕೈ ಮೇಲೆತ್ತಿದ್ದ. ಆ ಕೈಯಿಂದ ಮುತ್ಯಾ ಅದನ್ನು ತೆಗೆದುಕೊಂಡು, ಅವ್ವಮ್ಮನ ತಲೆದೆಸೆಗೆ ಕುರ್ಚಿ ಎಳೆದು ಕೂತು, ಎರಡೂ ಕೈಯಲ್ಲಿ ಎದೆಗೆ ಅವಚಿ ಹಿಡಿದ.

ಕನ್ನಡ ಬಂತು.

ಭಜನೆಯಲ್ಲ, ವಚನವಲ್ಲ, ತೊಗರಿಯ ಧಾರಣೆ. ಕಲಬುರಗಿ ಪೇಟೆಯಲ್ಲಿ ಏನು, ಸೇಡಂ ಪೇಟೆಯಲ್ಲಿ ಏನು ಎಂದು ಒಬ್ಬ ದಪ್ಪ ದನಿಯವನು ನಿಧಾನವಾಗಿ ಓದುತ್ತಿದ್ದ. ಓಣಿ ಉಸಿರು ಬಿಗಿಹಿಡಿಯಿತು. ಮುತ್ಯಾ ಒಮ್ಮೆ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ದನಿ ತಪ್ಪಿ ಕೊರ್ ಅಂತು.

"ಮುತ್ಯಾ, ಅಲುಗಾಡಬ್ಯಾಡ್ರಿ," ಅಂದರು ಎಲ್ಲರೂ ಒಟ್ಟಿಗೆ.

"ಇಲ್ಲ ತಮ್ಮಾ. ಇನ್ನ ಅಲುಗಾಡಂಗಿಲ್ಲ."

ನಿಜಕ್ಕೂ ಅಲುಗಾಡಲಿಲ್ಲ. ಕಲ್ಲಿನ ಬಸವಣ್ಣ ಸೋಲಬೇಕು, ಹಾಗೆ ಕೂತ. ದನಿ ಗಂಟೆಯಂತೆ ಸ್ವಚ್ಛವಾಯಿತು. "ನಲವತ್ತು ವರ್ಷದಾಗ ನನ್ನ ಮಾತಿಗಿ ಒಮ್ಮೆನೂ ಹಿಂಗ ಸುಮ್ಮ ಕುಂತಿದ್ದಿಲ್ಲ ನೋಡ್ರಿ," ಎಂದು ಅವನ ಹೆಂಡತಿ ರಾಧಾಬಾಯಿ ನೆರೆಯವರಿಗೆ ಪಿಸುಗುಟ್ಟಿದಳು. ಎಲ್ಲರ ಕಣ್ಣೂ ಅವ್ವಮ್ಮನ ಎದೆಯ ಮೇಲೆ. ಭೀಮಣ್ಣ ಮಾವ ಮೂರನೆಯ ಹಾರ ಬಿಡಿಸಿ ಕೈಯಲ್ಲಿ ಹಿಡಿದ. ಗುರಣ್ಣ ತಾಯಿಯ ಪಾದ ಹಿಡಿದು, "ಹೋಗಿ ಬಾ ಯವ್ವ," ಅಂದ.

ಅವ್ವಮ್ಮ ಕಣ್ಣು ಬಿಟ್ಟಳು. ಎದ್ದು ಕೂತಳು.

"ತೊಗರಿ ಇಷ್ಟು ಏರೇದ? ಭೀಮಣ್ಣಾ, ನಿನ್ನ ಮನ್ಯಾಗ ಇಟ್ಟಿದ್ದ ನನ್ನ ಎರಡು ಚೀಲ ಮಾರಿಲ್ಲ ಹೌದಿಲ್ಲೊ?"

ಭೀಮಣ್ಣ ಮಾವನ ಕೈಯ ಹಾರ ಕೆಳಗೆ ಬಿತ್ತು. ಅವನು ಮಾರಿದ್ದ. ಅವ್ವಮ್ಮ ಅವನಿಗೆ, ಅವನ ಹೆಂಡತಿಗೆ, ಹುಟ್ಟಲಿರುವ ಮೊಮ್ಮಕ್ಕಳಿಗೆ ಸೇರಿ ಬೈದ ಬೈಗುಳಕ್ಕೆ ದೂರದ ದೌಂಡಿನಲ್ಲಿ ರೈಲು ನಿಂತವಂತೆ. ಬೈದು ದಣಿದು ಚಹಾ ಕೇಳಿದಳು. ಮಾಯಾ ಓಡಿದಳು. ಓಣಿಯವರು ನಗುತ್ತ, ಅಳುತ್ತ, ಮೇನ್ ಸ್ವಿಚ್ಚು ಹಾಕಿದರು.

"ಸಾಕು ಮುತ್ಯಾ, ಇನ್ನ ಅಲುಗಾಡ್ರಿ," ಅಂದ ಗುರಣ್ಣ.

ಮುತ್ಯಾ ಅಲುಗಾಡಲಿಲ್ಲ. ಬೆಳಕಿನಲ್ಲಿ ಅವನ ಮುಖ ಕಾಣಿಸಿತು. ತೊಗರಿ ಹೊಲದ ಬದುವಿನ ಮೇಲೆ ಕೂತವನ ಮುಖ. ರಾಧಾಬಾಯಿ ಹೆಗಲು ಮುಟ್ಟಿದಳು. ಆಮೇಲೆ ಯಾರೂ ನಗಲಿಲ್ಲ.

ಅವರ ಮಂದಿಯಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವ ಪದ್ಧತಿ. ಮುತ್ಯಾ ಆ ಕಷ್ಟವನ್ನೂ ಯಾರಿಗೂ ಕೊಟ್ಟಿರಲಿಲ್ಲ. ವಿಭೂತಿ, ಬಿಳಿ ಬಟ್ಟೆ, ಹಾರ ಎಲ್ಲ ಸಿದ್ಧವಿತ್ತು. ರೇಡಿಯೋ ಮಾತ್ರ ಅವನ ಕೈಯಿಂದ ಬಿಡಲಿಲ್ಲ. ಮರುದಿನ ಮುಂಜಾನೆ ಗುಣಿಯ ಹತ್ತಿರ ಗುರಣ್ಣ ಮೆಲ್ಲಗೆ, "ಅಮ್ಮಾ, ಅದೊಂದು..." ಅಂದ.

"ಇರಲಿ ಬಿಡು ತಮ್ಮಾ," ಅಂದಳು ರಾಧಾಬಾಯಿ. "ಜೀವ ಎದರಾಗ ಸಿಕ್ಕಿರತದೋ ಅದನ್ನ ಕೈಯಾಗ ಕೊಟ್ಟೇ ಕಳಸಬೇಕು. ಅವರೇ ಹೇಳಿದ್ರಲ್ಲ."

ಇದಕ್ಕೆ ಯಾರು ಎದುರು ಮಾತಾಡಿಯಾರು? ಹೊಸ ಸೆಲ್ಲು ಬೇರೆ. ಮಣ್ಣು ಹಾಕಿ ಮುಗಿದ ಮೇಲೂ ಒಳಗಿನಿಂದ ಕೊರ್ ಅನ್ನುತ್ತಿತ್ತು. ಅದನ್ನು ಕೇಳಿದ ಸ್ಮಶಾನದ ಕಾವಲಿನವನು ಅಂದೇ ಓಡಿದವನು ಇನ್ನೂ ಓಡುತ್ತಿದ್ದಾನೆ.

ಸಂಜೆ ಅವ್ವಮ್ಮ ಚಹಾ ಕುಡಿದು, ಧಾರಣೆಯ ಹೊತ್ತಿಗೆ ಸರಿಯಾಗಿ ಕಿವಿಯ ಮೇಲಿನ ಸೆರಗು ಸರಿಸಿ ಕೂತಳು. "ಎಲ್ಲದ?" ಎಂದು ಕೇಳಿದಳು. ಗುರಣ್ಣ ಎಲ್ಲಿದೆ ಎಂದು ಹೇಳಿದ. ಅವಳು ಮಲಗಿದಳು, ಗೋಡೆಗೆ ಮುಖ ಮಾಡಿದಳು, ಕಣ್ಣು ಮುಚ್ಚಿದಳು. ಉಸಿರು ಮತ್ತೆ ದಾರವಾಯಿತು. ಮುತ್ಯಾನ ದಿನಕರ್ಮಕ್ಕೆಂದು ಉಳಿದಿದ್ದ ನೆಂಟರೆಲ್ಲ ಹೊರಸಿನ ಸುತ್ತ ಸೇರಿದರು.

"ರೇಡಿಯೋ," ಅಂದಳು ಅವ್ವಮ್ಮ.

ಈಗೇನು ಮಾಡಬೇಕೆಂದು ಕೇಳಲು ಎಲ್ಲರೂ ಅಭ್ಯಾಸಬಲದಿಂದ ತಲೆದೆಸೆಯ ಕುರ್ಚಿಯ ಕಡೆ ತಿರುಗಿದರು. ಖಾಲಿ ಕುರ್ಚಿಯನ್ನು ಒಂದು ಗಳಿಗೆ ನೋಡಿ, ಒಟ್ಟಿಗೆ ಗುರಣ್ಣನ ಕಡೆ ತಿರುಗಿದರು. ಆಗಲೇ ಅವನ ಜೇಬಿನ ಫೋನು ಬಡಿದುಕೊಂಡಿತು. ಸೂಪರ್‌ವೈಜರು. ತಾಯಿಯ ಕಾರ್ಯವೆಲ್ಲ ಮುಗಿದಿರಬೇಕು, ನಾಳೆ ಮೊದಲ ಪಾಳಿಗೆ ಬಾ ಎಂದು ಮರಾಠಿಯಲ್ಲಿ ಹೇಳುತ್ತಿದ್ದ.

"ಸಾಹೇಬ..." ಅಂದ ಗುರಣ್ಣ. ಒಬ್ಬ ತಾಯಿಯನ್ನು ಎರಡು ಸಲ ಸಾಯಿಸುವುದು ಯಾವ ಭಾಷೆಯಲ್ಲೂ ಸಾಧ್ಯವಿರಲಿಲ್ಲ.

ಹೊರಸಿನ ಮೇಲಿಂದ, ಮುಚ್ಚಿದ ಕಣ್ಣು ತೆರೆಯದೆ, ಅವ್ವಮ್ಮ ಹೇಳಿದಳು:

"ಈ ಸಲ ನಿಮ್ಮಪ್ಪ ಸತ್ತ ಅಂತ ಹೇಳಿ ಕ್ಯಾಂಪಿಗಿ ಹೋಗು. ಅಂವಗೇನು ಅದು ಹೊಸಾದಲ್ಲ."