ಗುಂಡಿಗೊಂದು ಗಡಿಯಾರ

ಒಂದೇ ಹೆಸರಿನ ಎರಡು ವಸ್ತುಗಳು ಲೋಕದಲ್ಲಿ ಇರುವವರೆಗೂ ಆಫೀಸಿನ ಸೆಕ್ರೆಟರಿಗಳಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ನಾನು ಎಂಬತ್ತರ ದಶಕದಲ್ಲಿ, ತೊಂಬತ್ತರ ಮೊದಲ ಕೆಲವು ವರ್ಷಗಳಲ್ಲಿ ಮಸ್ಕತ್ತಿನ ರೂವಿಯಲ್ಲಿ ನೀರಿನ ಪಂಪು ಮಾರುವ ಒಂದು ಕಂಪನಿಯಲ್ಲಿ ಸೆಕ್ರೆಟರಿಯಾಗಿದ್ದೆ. ಊರು ಉಡುಪಿ ಹತ್ತಿರ, ಬಾಡಿಗೆಯ ಫ್ಲಾಟು ದಾರ್ಸೈಟಿನಲ್ಲಿ. ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ಸಮುದ್ರದ ನೀರನ್ನು ಸಿಹಿ ಮಾಡುವ ಪ್ಲಾಂಟಿನಲ್ಲಿ ಮೀಟರು, ಗೇಜು ರಿಪೇರಿ ಮಾಡುವ ಕೆಲಸ. ಕೋವಿಗೂ ನಮಗೂ ಯಾವ ಸಂಬಂಧವೂ ಇರಲಿಲ್ಲ. ಸಂಬಂಧ ತಂದವರು ನಮ್ಮ ಬಾಸ್.

ಬಾಸ್ ಒಮಾನಿ, ಸೈನ್ಯದಿಂದ ನಿವೃತ್ತರಾದವರು. ಮತ್ರಾದ ಪೇಟೆಯಲ್ಲಿ ಬೆಳೆದವರಾದ್ದರಿಂದ ನಮ್ಮೊಡನೆ ಸಲೀಸಾಗಿ ಹಿಂದಿ ಮಾತಾಡುತ್ತಿದ್ದರು. ನಗು ಕಡಿಮೆ. ಶುಕ್ರವಾರ ಬೆಳಿಗ್ಗೆ ಸೈನ್ಯದ ಕಾಲದ ಗೆಳೆಯರೊಬ್ಬರನ್ನು ಕರೆದುಕೊಂಡು ಪರವಾನಗಿ ಇದ್ದ ಶೂಟಿಂಗ್ ಮೈದಾನಕ್ಕೆ ಹೋಗುವುದೊಂದೇ ಅವರ ಹವ್ಯಾಸ. ರೈಫಲ್ಲಿನ ತೋಟೆಗಳಿಗೆ ಮದ್ದು, ಗುಂಡು ತುಂಬುವುದೂ ಅವರೇ. ಕಾರ್ಖಾನೆಯ ತೋಟೆಗಿಂತ ಕೈಯಲ್ಲಿ ತುಂಬಿದ್ದು ಗುರಿಗೆ ಸರಿಯಾಗಿ ಹೋಗುತ್ತದೆ ಎಂದು ಅವರ ನಂಬಿಕೆ.

ಒಂದು ಶುಕ್ರವಾರ ಅವರು ತುಂಬಿದ ತೋಟೆಯೊಂದರಲ್ಲಿ ಒತ್ತಡ ವಿಪರೀತವಾಗಿ, ಗೆಳೆಯರ ರೈಫಲ್ ಕೈಯಲ್ಲೇ ಸಿಡಿಯಿತು. ಎಡಗೈಯ ಎರಡು ಬೆರಳು ಹೋದವು.

ಗೆಳೆಯರು ಬಾಸ್‌ಗೆ ಒಂದು ಮಾತೂ ಅನ್ನಲಿಲ್ಲ. ಗಾಯ ಮಾಗಿದ ಮೇಲೆ ಮೊದಲಿನ ಹಾಗೆಯೇ ಆಫೀಸಿಗೆ ಬಂದು, ಖರ್ಜೂರ ತಿಂದು, ಕಾವಾ ಕುಡಿದು ಹೋಗುತ್ತಿದ್ದರು. ಮೈದಾನದ ಮಾತು ಬಂದರೆ ಮಾತ್ರ "ಖಲಾಸ್, ನನ್ನದು ಮುಗಿಯಿತು" ಅಂತ ಎದ್ದುಬಿಡುತ್ತಿದ್ದರು. ಅವರು ಹೋದ ಮೇಲೆ ಬಾಸ್ ಆ ಖಾಲಿ ಫಿಂಜಾನ್ ಬಟ್ಟಲನ್ನು ನೋಡುತ್ತ ಕೂತಿರುತ್ತಿದ್ದರು. ಸಹಿಗೆ ಕಾಗದ ಹಿಡಿದುಕೊಂಡು ಒಳಗೆ ಹೋಗಲು ನನಗೆ ಮನಸ್ಸಾಗುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಕರೆದು ಹೇಳಿದರು: "ಸಿಸ್ಟರ್, ನನಗೊಂದು ಕ್ರೋನೋಗ್ರಾಫ್ ಬೇಕು. ಒಳ್ಳೆಯದು ಯಾವುದು ಅಂತ ವಿಚಾರಿಸಿ."

ವೆಲ್ವೆಟ್ ಟ್ರೇ

ಡಿಕ್ಷನರಿ ತೆಗೆದು ನೋಡಿದೆ. ಕಾಲ ಅಳೆಯುವ ಸಾಧನ ಅಂತ ಇತ್ತು. ಪಾಪ, ಮನಸ್ಸಿಗೆ ಸಮಾಧಾನವಾಗಲಿ ಅಂತ ಒಳ್ಳೆಯ ಗಡಿಯಾರ ಕೊಳ್ಳುತ್ತಿದ್ದಾರೆ ಎಂದುಕೊಂಡು ದೊಡ್ಡ ವಾಚಿನ ಅಂಗಡಿಯೊಂದಕ್ಕೆ ಫೋನ್ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಟೈ ಕಟ್ಟಿದ ಸೇಲ್ಸ್‌ಮನ್ ಬಂದು, ನೀಲಿ ವೆಲ್ವೆಟ್ ಹಾಸಿದ ಟ್ರೇಯಲ್ಲಿ ಕೈಗಡಿಯಾರಗಳನ್ನು ಬಾಸ್ ಮುಂದೆ ಹರಡಿದ. ಬಾಸ್ ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿದರು.

"ಇದು ವೇಗ ಅಳೆಯುತ್ತದಾ?"

"ಖಂಡಿತ ಸಾರ್. ಈ ಸುತ್ತಲಿನ ಅಂಕಿಗಳು ಅದಕ್ಕೇ ಇರುವುದು."

"ಗುಂಡಿನ ವೇಗ?"

ಸೇಲ್ಸ್‌ಮನ್ ಒಂದು ಕ್ಷಣ ನನ್ನ ಮುಖ ನೋಡಿದ. ಆದರೆ ಬಂದ ಗಿರಾಕಿಯನ್ನು ಬಿಡುವ ಜನವಲ್ಲ ಅವರು. "ಅದೂ ಆಗುತ್ತದೆ ಸಾರ್. ಗುಂಡು ಹೊರಟಾಗ ಈ ಬಟನ್ ಒತ್ತಬೇಕು, ತಾಗಿದ ತಕ್ಷಣ ಇನ್ನೊಮ್ಮೆ ಒತ್ತಬೇಕು."

ಬಾಸ್ ಗಡಿಯಾರವನ್ನು ಮೆಲ್ಲಗೆ ಟ್ರೇಯಲ್ಲಿಟ್ಟು ಕೇಳಿದರು: "ಯಾರು ಒತ್ತುವುದು? ಹೊಡೆದವನೋ, ತಾಗಿಸಿಕೊಂಡವನೋ?"

ಅವನು ಹೋದ ಮೇಲೆ ನನ್ನನ್ನು ಕೂರಿಸಿ ವಿವರಿಸಿದರು. ತಮಗೆ ಬೇಕಾದ ಯಂತ್ರವನ್ನು ಕೋವಿಯ ಮುಂದೆ ಇಡಬೇಕು, ಗುಂಡು ಹಾದು ಹೋದಾಗ ಅದು ವೇಗ ತೋರಿಸುತ್ತದೆ. ಇರಬೇಕಾದದ್ದಕ್ಕಿಂತ ವೇಗ ಹೆಚ್ಚಿದ್ದರೆ ಒಳಗೆ ಒತ್ತಡ ಮೀರಿದೆ ಅಂತ ಅರ್ಥ, ಅದೇ ಅಳತೆಯಲ್ಲಿ ತುಂಬಿದ ಉಳಿದ ತೋಟೆಗಳನ್ನು ಎಸೆದುಬಿಡಬೇಕು.

"ಇನ್ನೊಬ್ಬರ ಕೈಗೆ ಕೊಡುವ ಮೊದಲು ನನಗೆ ಗೊತ್ತಾಗಬೇಕು, ಸಿಸ್ಟರ್," ಅಂದರು. ನಾನು ಪೆನ್ನು ತೆಗೆದು ಅವರು ಹೇಳಿದ್ದನ್ನೆಲ್ಲ ಬರೆದುಕೊಂಡೆ.

ಮೂರನೇ ಕುರ್ಚಿ

ವಿದೇಶದಿಂದ ಕ್ಯಾಟಲಾಗುಗಳು ಬಂದವು. ಬಾಸ್ ಓದಿ ಓದಿ ತಲೆ ಕೆಡಿಸಿಕೊಂಡರು. ನಮ್ಮವರು ಮೀಟರಿನ ಕೆಲಸದವರು ಅಂತ ಗೊತ್ತಿತ್ತಲ್ಲ, ಒಂದು ಗುರುವಾರ ಸಂಜೆ ಎಲ್ಲವನ್ನೂ ಹೊತ್ತುಕೊಂಡು ನಮ್ಮ ಮನೆಗೇ ಬಂದರು. ನೀರುದೋಸೆ, ಅಂಜಲ್ ಮೀನಿನ ಸಾರು ಉಂಡ ಮೇಲೆ ಇಬ್ಬರೂ ಕ್ಯಾಟಲಾಗ್ ಬಿಡಿಸಿ ಕೂತರು.

"ಇದು ನೋಡಿ ಸರ್, ಅಗ್ಗ," ಅಂದರು ನಮ್ಮವರು. "ಆದರೆ ಪೂರ್ತಿ ಪೆಟ್ಟಿಗೆ ಗುಂಡಿನ ದಾರಿಯ ಕೆಳಗೇ ಇರುತ್ತದೆ. ಗುಂಡು ಒಂಚೂರು ಕೆಳಗೆ ಬಂದರೆ ಮಿದುಳೇ ಹೋಯಿತು. ಈ ಇನ್ನೊಂದರಲ್ಲಿ ಅಲ್ಲಿರುವುದು ಕಣ್ಣು ಮಾತ್ರ. ಮಿದುಳು ತಂತಿಯ ಈಚೆ ನಿಮ್ಮ ಮೇಜಿನ ಮೇಲೆ."

"ತಂತಿಯದೇ ಇರಲಿ. ಕಣ್ಣು ಎರಡು ಸಾಕೋ, ಮೂರು ಬೇಕೋ?"

"ಎರಡಾದರೆ ಒಂದೇ ಲೆಕ್ಕ. ತಪ್ಪಿದ್ದರೂ ಗೊತ್ತಾಗುವುದಿಲ್ಲ. ಮೂರಿದ್ದರೆ ಅದು ಎರಡು ಸಲ ಲೆಕ್ಕ ಹಾಕುತ್ತದೆ. ಎರಡೂ ತಾಳೆ ಆಗದಿದ್ದರೆ ನಂಬಬಾರದು."

ಬಾಸ್‌ಗೆ ಅರ್ಥವಾಗಲಿಲ್ಲ. ನಮ್ಮವರು ಕಣ್ಣುಗಳ ಬದಲು ಊಟದ ಕುರ್ಚಿಗಳನ್ನು ಸಾಲಾಗಿ ಇಟ್ಟರು. ನಮ್ಮಲ್ಲಿ ಎರಡೇ ಕುರ್ಚಿ, ಮೂರನೆಯದನ್ನು ಎದುರು ಫ್ಲಾಟಿನಿಂದ ಕೇಳಿ ತಂದರು. ಅಡುಗೆಮನೆಯಿಂದ ಒಂದು ನಿಂಬೆಹಣ್ಣು ತಂದು ಗುಂಡಿನ ಬದಲು ಕುರ್ಚಿಗಳ ಕೆಳಗೆ ಉರುಳಿಸತೊಡಗಿದರು. ಬಾಸ್ ಬಿಳಿ ದಿಶ್ದಾಶಾ ನಿಲುವಂಗಿ ಮಡಿಸಿಕೊಂಡು ನೆಲದ ಮೇಲೆ ಕೂತು, ಗಂಭೀರವಾಗಿ ನಿಂಬೆಹಣ್ಣನ್ನೇ ನೋಡುತ್ತಿದ್ದರು.

ಕುರ್ಚಿ ಯಾಕೆ ಬೇಕಾಯಿತು ಅಂತ ತಡೆಯಲಾರದೆ ಎದುರು ಫ್ಲಾಟಿನವರು ಬಂದರು. ಮೈಸೂರಿನವರು, ದೊಡ್ಡ ಮನಸ್ಸಿನ ಹೆಂಗಸು. ಬಾಗಿಲಲ್ಲೇ ನಿಂತು ನೋಡಿದರು.

"ಏನ್ರೀ ಇದು, ದೃಷ್ಟಿ ತೆಗೀತಿದೀರಾ? ನಿಂಬೆಹಣ್ಣನ್ನ ಹಂಗೆ ನೆಲದ ಮೇಲೆ ಉರುಳಿಸ್ತಾರಾ ಯಾರಾದ್ರೂ? ಕೊಡಿ ಇಲ್ಲಿ!"

ನಾನು ಬಾಯಿ ತೆರೆಯುವುದರೊಳಗೆ ಅವರು ನಿಂಬೆಹಣ್ಣು ಎತ್ತಿಕೊಂಡು, ಏನೋ ಗೊಣಗುತ್ತ ಬಾಸ್ ಮುಖದ ಸುತ್ತ ಬಲಕ್ಕೊಮ್ಮೆ ಎಡಕ್ಕೊಮ್ಮೆ ಇಳಿ ತೆಗೆದೇಬಿಟ್ಟರು. ನಮ್ಮವರು ಗೋಡೆಯ ಕಡೆ ತಿರುಗಿ ನಿಂತರು. ಬಾಸ್ ಮಾತ್ರ ಒಂದಿಷ್ಟೂ ಅಲ್ಲಾಡದೆ, ನಿಂಬೆಹಣ್ಣು ಹೋದಲ್ಲೆಲ್ಲ ಕಣ್ಣು ತಿರುಗಿಸುತ್ತ ಕೂತಿದ್ದರು. ಎಲ್ಲ ಮುಗಿದ ಮೇಲೆ ಕ್ಯಾಟಲಾಗ್ ಎತ್ತಿಕೊಂಡು ಕೇಳಿದರು:

"ಇದು ಯಾವ ಮಾಡೆಲ್?"

ಮೋಡ

ಮೂರು ಕಣ್ಣಿನ ಯಂತ್ರವೇ ಎಂದು ತೀರ್ಮಾನವಾಯಿತು. ಆರ್ಡರ್ ಹಾಕುವ ಮೊದಲು ಬಾಸ್ ಅದರ ಕ್ಯಾಟಲಾಗನ್ನು ಮತ್ತೆ ಓದಿದರು. ಆ ಕಣ್ಣುಗಳು ಆಕಾಶ ನೋಡುತ್ತಿರುತ್ತವಂತೆ, ಗುಂಡು ಅಡ್ಡ ಬಂದಾಗ ನೆರಳು ಬಿದ್ದು ಲೆಕ್ಕ ಶುರುವಾಗುತ್ತದಂತೆ. ಕೆಳಗೊಂದು ಸಾಲು: ಉತ್ತಮ ಫಲಿತಾಂಶಕ್ಕೆ ತೆಳು ಮೋಡವಿರುವ ದಿನ ಬಳಸಿ.

ಬಾಸ್ ಎದ್ದು ಕಿಟಕಿಯ ಪರದೆ ಸರಿಸಿದರು. ಹೊರಗೆ ಮಸ್ಕತ್ತಿನ ಜೂನ್ ತಿಂಗಳು. ಬೆಟ್ಟಗಳು ಕಾದ ಕಾವಲಿಯ ಹಾಗೆ ನಿಂತಿದ್ದವು.

"ಬರೆಯಿರಿ ಸಿಸ್ಟರ್. ನಮ್ಮಲ್ಲಿ ಮೋಡ ಇಲ್ಲ. ಏನು ಮಾಡಬೇಕು?"

ಹೇಳಿದ್ದನ್ನು ಹೇಳಿದ ಹಾಗೆ ಟೈಪ್ ಮಾಡಿ, ಆಗಷ್ಟೇ ಆಫೀಸಿಗೆ ಬಂದಿದ್ದ ಫ್ಯಾಕ್ಸಿನಲ್ಲಿ ಕಳಿಸಿದೆ. ಚಿಂತೆ ಬೇಡ, ಕಣ್ಣುಗಳ ಮೇಲೆ ಕಟ್ಟಲು ಬಿಳಿ ಪ್ಲಾಸ್ಟಿಕ್ ಹಾಳೆಗಳನ್ನು ಜೊತೆಗೇ ಕೊಡುತ್ತೇವೆ, ಅವೇ ಮೋಡದ ಕೆಲಸ ಮಾಡುತ್ತವೆ ಅಂತ ಉತ್ತರ ಬಂತು. ಬಾಸ್‌ಗೆ ನೆಮ್ಮದಿಯಾಯಿತು.

ಪಾರ್ಸೆಲ್ ಬಂದಾಗ ಬಿಡಿಸಿಕೊಳ್ಳಲು ಅವರೊಡನೆ ಕಸ್ಟಮ್ಸಿಗೆ ನಾನೂ ಕಾಗದಪತ್ರ ಹಿಡಿದು ಹೋದೆ. ಪೊಲೀಸರ ಅನುಮತಿ ಪತ್ರವೆಲ್ಲ ಸರಿ ಇತ್ತು. ಅಧಿಕಾರಿ ಒಂದೊಂದೇ ಹೊರಗೆ ತೆಗೆದ. ಕಂಬಿ ಸರಿ, ತಂತಿ ಸರಿ. ಕೊನೆಗೆ ಬಿಳಿ ಪ್ಲಾಸ್ಟಿಕ್ ಹಾಳೆ ಎತ್ತಿ ಹಿಡಿದು ಇದೇನು ಅಂತ ಕೇಳಿದ.

"ಮೋಡ," ಅಂದರು ಬಾಸ್.

ಅಧಿಕಾರಿ ಹಾಳೆಯನ್ನು ನೋಡಿದ, ಬಾಸ್ ಮುಖ ನೋಡಿದ. ನಗುವಿನ ಸುಳಿವೇ ಇಲ್ಲ. ಅವನೂ ಅಷ್ಟೇ ಗಂಭೀರವಾಗಿ ಕೇಳಿದ: "ಮಳೆ ಬರುತ್ತದಾ?"

"ಇನ್‌ಶಾ ಅಲ್ಲಾ," ಅಂದರು ಬಾಸ್. ಅವನು ಠಸ್ಸೆ ಒತ್ತಿದ.

ಗೆಳೆಯರು ಬಂದ ಶುಕ್ರವಾರ

ಬೇಸಿಗೆ ಕಳೆದ ಮೇಲೆ ಬಾಸ್ ಮತ್ತು ನಮ್ಮವರು ಇಬ್ಬರೇ ಹಲವು ಶುಕ್ರವಾರ ಮೈದಾನಕ್ಕೆ ಹೋದರು. ಕಡಿಮೆ ಮದ್ದಿನಿಂದ ಶುರು ಮಾಡಿ, ಪ್ರತಿ ಗುಂಡನ್ನೂ ಅಳೆದು, ಎರಡೂ ಲೆಕ್ಕ ತಾಳೆ ನೋಡಿದರು. ವೇಗ ಎಲ್ಲೂ ಮಿತಿ ಮೀರಲಿಲ್ಲ. ಆಮೇಲೆ ಬಾಸ್ ಗೆಳೆಯರನ್ನು ಕರೆದರು. "ಚಹಾ ಕುಡಿಯಲು ಮಾತ್ರ ಬರುತ್ತೇನೆ," ಅಂದರಂತೆ. ಚಹಾ ಅಂದ ಮೇಲೆ ಥರ್ಮಾಸು, ಬಿಸ್ಕೂಟು ಹಿಡಿದು ನಾನೂ ಹೊರಟೆ.

ಅಲ್ ಖೌದ್ ದಾಟಿ ಒಳಗೆ, ಬೆಟ್ಟದ ಬುಡದಲ್ಲಿ ಮೈದಾನ. ಕೋವಿ ಇಡುವ ಮೇಜು, ಅದರ ಮುಂದೆ ಕಂಬಿಯ ಮೇಲೆ ಮೂರು ಕಣ್ಣು, ದೂರದಲ್ಲಿ ಮಣ್ಣಿನ ದಿಬ್ಬಕ್ಕೆ ಒರಗಿಸಿ ಅಕ್ಕಪಕ್ಕ ನಿಲ್ಲಿಸಿದ ಎರಡು ಗುರಿ ಕಾಗದ. ಮೊದಲು ಬಾಸ್ ಹೊಡೆದರು. ಅವರು ಹೊಡೆಯುವಾಗ ಗೆಳೆಯರು ಜೀಪಿನ ಆಚೆ ಹೋಗಿ, ಕಿವಿ ಮುಚ್ಚಿ ಬೆನ್ನು ತಿರುಗಿಸಿ ನಿಂತಿದ್ದರು. ಎರಡು ಬೆರಳಿಲ್ಲದ ಆ ಕೈ ಕಿವಿಯ ಮೇಲೆ ನಡುಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ನಾನು ಥರ್ಮಾಸಿನ ಮುಚ್ಚಳ ತಿರುಗಿಸುತ್ತ ನೆಲ ನೋಡಿದೆ.

ಬಾಸ್ ಅವರ ಹತ್ತಿರ ಹೋದರು. "ಬಾ."

"ಅವತ್ತೂ ನೀನು ಹೀಗೆಯೇ ಕರೆದಿದ್ದೆ."

"ಅವತ್ತು ನನ್ನ ಹತ್ತಿರ ಅಳತೆ ಇರಲಿಲ್ಲ. ಇವತ್ತು ಇದೆ."

ಗೆಳೆಯರು ಅಂಗಿಯ ತೋಳು ಮೇಲೇರಿಸಿಕೊಂಡರು. ಆಮೇಲೆ "ಯಲ್ಲಾ, ನಡೆ" ಅಂತ ಬಂದು ಮೇಜಿನ ಮುಂದೆ ಕೂತರು. ರೈಫಲ್ ಎತ್ತಿದರು, ಕೆಳಗಿಟ್ಟರು, ಮುಖ ಒರೆಸಿಕೊಂಡರು. ಮತ್ತೆ ಎತ್ತಿ ಮುಂದಿದ್ದ ಯಂತ್ರವನ್ನೇ ದಿಟ್ಟಿಸಿ ನೋಡಿ, ಮೈಯನ್ನು ಸ್ವಲ್ಪ ವಾರೆ ಮಾಡಿಕೊಂಡು ಗುಂಡು ಹಾರಿಸಿದರು. ರೈಫಲ್ಲಿಗೆ ಏನೂ ಆಗಲಿಲ್ಲ. ಯಂತ್ರವೂ ಏನೂ ತೋರಿಸಲಿಲ್ಲ.

"ಇನ್ನೊಂದು," ಅಂದರು ಬಾಸ್. ಹೊಡೆದರು. ಯಂತ್ರ ಖಾಲಿ.

ನಮ್ಮವರು ರೈಫಲ್ ಖಾಲಿ ಮಾಡಿಸಿ ಓಡಿಹೋಗಿ ತಂತಿ ಎಳೆದು ನೋಡಿದರು, ಬ್ಯಾಟರಿ ಬದಲಿಸಿದರು, ಪ್ಲಾಸ್ಟಿಕ್ ಹಾಳೆ ಒರೆಸಿದರು. ಮೂರನೆಯದೂ ಖಾಲಿ. ಇಷ್ಟು ತಿಂಗಳು ತಾಳ್ಮೆಯಿಂದಿದ್ದ ಬಾಸ್ ಆಗ ಸಿಟ್ಟಿಗೆದ್ದರು. "ಇವತ್ತೇ ಕೆಟ್ಟಿತಲ್ಲ ಇದು! ಸಿಸ್ಟರ್, ನಾಳೆ ಮೊದಲ ಕೆಲಸ ಫ್ಯಾಕ್ಸ್. ವಾಪಸ್!"

ನಮ್ಮವರು ದುರ್ಬೀನು ಎತ್ತಿ ದಿಬ್ಬದ ಕಡೆ ನೋಡಿದವರು ಹಾಗೇ ನಿಂತರು. "ಸರ್, ನಮ್ಮ ಕಾಗದದಲ್ಲಿ ಹೊಸ ತೂತೇ ಇಲ್ಲ. ಪಕ್ಕದ ಕಾಗದದಲ್ಲಿ ಮೂರಿವೆ. ಮೂರೂ ನಡುಮಧ್ಯದಲ್ಲಿ."

ಬಾಸ್ ಗೆಳೆಯರ ಕಡೆ ತಿರುಗಿದರು. "ಅಲ್ಲಿಗೆ ಯಾಕೆ ಹೊಡೆದೆ?"

"ಮತ್ತೆ?" ಅಂದರು ಗೆಳೆಯರು. "ಇಷ್ಟು ದಿನ ಹುಡುಕಿ, ದೇಶ ದೇಶಕ್ಕೆ ಬರೆದು ತರಿಸಿದ ವಸ್ತು. ತಂದು ನೇರ ನನ್ನ ಗುರಿಗೇ ಅಡ್ಡ ಇಟ್ಟಿದ್ದೀಯ. ಗುಂಡು ತಾಗಿ ಮುರಿದರೆ ನೀನು ನನ್ನನ್ನು ಬಿಡುತ್ತೀಯಾ? ಅದಕ್ಕೇ ಬದಿಯಿಂದ ಹೊಡೆದೆ."

"ಗುಂಡು ಅದರ ಮೇಲಿಂದಲೇ ಹೋಗಬೇಕು ಮಾರಾಯ! ಅದಕ್ಕೇ ಇಟ್ಟದ್ದು!"

"ಹೌದಾ? ಅದು ಸದ್ದು ಕೇಳಿ ಲೆಕ್ಕ ಹಾಕುತ್ತದೆ ಅಂದುಕೊಂಡಿದ್ದೆ."

ಬಾಸ್ ಅವರ ಪಕ್ಕ ಬೆಂಚಿನ ಮೇಲೆ ಕೂತರು. ನನಗೆ ಕೇಳಿಸೀತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ಕೇಳಿದರು: "ಕೈ ನಡುಗಲಿಲ್ಲವಾ?"

ಗೆಳೆಯರು ತಮ್ಮ ಎಡಗೈಯನ್ನು ಆಗಷ್ಟೇ ನೆನಪಾದವರಂತೆ ತಿರುಗಿಸಿ ನೋಡಿಕೊಂಡರು.

"ನಡುಗಲು ಪುರುಸೊತ್ತು ಎಲ್ಲಿತ್ತು? ನಿನ್ನ ಯಂತ್ರ ಉಳಿಸುವುದರಲ್ಲೇ ಇದ್ದೆ."